ಎಲೆಕ್ಟ್ರಿಕ್ ಕಾರಿನ ಚಕ್ರದಲ್ಲಿ ಏನೋ ಸದ್ದು!



ಈ ಸಲದ ಅಂಚೆಯಲ್ಲಿ ಹಪ್ಪಳ, ಸಂಡಿಗೆ, ಕೂದಲು ಉದುರುವಿಕೆಯ ಪತ್ರಗಳ ನಡುವೆ ಒಂದು ಬೇರೆ ಥರದ ಪತ್ರ ಬಂದಿದೆ. ಬರೆದವರು ಹಾಸನದ ಕಡೆಯ ಸೋದರಿ. ಅವರ ಮನೆಗೆ ಎಲೆಕ್ಟ್ರಿಕ್ ಕಾರು ಬಂದು ಎರಡು ವರ್ಷವಾಯಿತಂತೆ. ಈ ಮಳೆಗಾಲ ಕಳೆದ ಮೇಲೆ ಕಾರಿನ ಮುಂಭಾಗದಿಂದ ‘ಗುಂ...’ ಎಂದು ಒಂದು ಸದ್ದು. ನಿಧಾನಕ್ಕೆ ಹೋದರೆ ಇಲ್ಲ. ವೇಗ ನಲವತ್ತರ ಹತ್ತಿರ ಬಂದಾಗ ಶುರು, ಅರವತ್ತಕ್ಕೆ ಜೋರು. ಯಜಮಾನರಿಗೆ ಹೇಳಿದರೆ, “ನಿಂಗೆ ಸುಮ್ನೆ ಅನುಮಾನ ಕಣೇ, ಹೊಸಾ ಗಾಡಿಗೆ ಏನಾಗತ್ತೆ?” ಎಂದು ನಕ್ಕರಂತೆ. ಗ್ಯಾರೇಜಿಗೆ ಬಿಟ್ಟರೆ ಸಂಜೆ ತೊಳೆದು ಒರೆಸಿ, “ಎಲೆಕ್ಟ್ರಿಕ್ ಗಾಡಿ ಅಂದ್ರೆ ಹಾಗೇ ಮೇಡಂ” ಎಂದು ವಾಪಸು ಕೊಟ್ಟರಂತೆ. ಮುಂದಿನ ತಿಂಗಳು ತಂಗಿಯ ಸೀಮಂತ. ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗಬೇಕು. “ಈ ಸದ್ದು ಇಟ್ಟುಕೊಂಡು ಘಾಟಿ ಇಳಿಯಬಹುದೇ? ಅಥವಾ ಇದು ನನ್ನ ಭ್ರಮೆಯೇ?” ಎಂದು ಕೇಳಿದ್ದಾರೆ.

ಭ್ರಮೆ ಅಲ್ಲವೇ ಅಲ್ಲ ತಾಯಿ. ಮಿಕ್ಸಿಯ ಸದ್ದು ಕೇಳಿಯೇ ಜಾರಿನ ಬುಷ್ ಸವೆದಿದೆ ಎಂದು ಹೇಳುವವರು ನಾವು. ಒಳಮನೆಯಲ್ಲಿ ಕೂತು ಕುಕ್ಕರಿನಲ್ಲಿ ನೀರು ಆರುತ್ತಿದೆ ಎಂದು ಗುರುತಿಸುವವರೂ ನಾವೇ. ಅದೇ ಕಿವಿ ಕಾರಿನೊಳಗೆ ಕೂತ ಕೂಡಲೇ ಕೆಟ್ಟುಹೋಗುತ್ತದೆಯೇ? ಗಾಡಿ ಓಡಿಸುವವರ ಗಮನವೆಲ್ಲ ರಸ್ತೆಯ ಮೇಲೆ. ಪಕ್ಕದಲ್ಲಿ ಕೂತವರ ಕಿವಿಗೆ ಬಿಡುವಿರುತ್ತದೆ. ಆದರೆ ಬರೀ “ಸದ್ದು ಬರ್ತಿದೆ” ಎಂದರೆ ಯಾರೂ ಕೇಳುವುದಿಲ್ಲ. ಯಾವ ಸದ್ದು, ಯಾವಾಗ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಮ್ಮಿ ಎಂದು ಹೇಳಿದರೆ ಕೇಳಲೇಬೇಕಾಗುತ್ತದೆ. ಅದನ್ನೇ ಇವತ್ತು ನೋಡೋಣ.

ಎಲೆಕ್ಟ್ರಿಕ್ ಕಾರೆಂದರೆ ನಮಗೆ ತೀರಾ ಅಪರಿಚಿತವೇನಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ಪುಟ್ಟ ಕಾರು ೨೦೦೧ರಲ್ಲೇ ರಸ್ತೆಗಿಳಿದಿತ್ತು. ಈಗ ಸಣ್ಣ ಊರುಗಳಲ್ಲೂ ಇಂಥ ಕಾರುಗಳು ಕಾಣುತ್ತವೆ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದಾ ಗುರುಗುಟ್ಟುತ್ತಿರುವುದರಿಂದ ಸಣ್ಣಪುಟ್ಟ ಸದ್ದುಗಳು ಅದರಡಿ ಮುಚ್ಚಿಹೋಗುತ್ತವೆ. ಇಲ್ಲಿ ಎಂಜಿನ್ನೇ ಇಲ್ಲ. ಮದುವೆ ಮನೆಯಲ್ಲಿ ಕೇಳದ ಗಡಿಯಾರದ ಟಿಕ್‌ಟಿಕ್ ನಡುರಾತ್ರಿ ಕೇಳುವುದಿಲ್ಲವೇ, ಹಾಗೆಯೇ ಇದು. ಕೇಳಿಸಿದ್ದೆಲ್ಲ ದೋಷವಲ್ಲ. “ಹಾಗೇ ಇರತ್ತೆ” ಎಂದು ಎಲ್ಲವನ್ನೂ ತಳ್ಳಿಹಾಕುವಂತೆಯೂ ಇಲ್ಲ.

ಮೆಕ್ಯಾನಿಕ್‌ಗಳು ಇಲ್ಲಿ ತಬ್ಬಿಬ್ಬಾಗುವುದಕ್ಕೆ ಒಂದು ಕಾರಣವಿದೆ. ಪೆಟ್ರೋಲ್ ಗಾಡಿಯನ್ನು ನಿಲ್ಲಿಸಿಕೊಂಡೇ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಜೋರಾಗಿ ಓಡುತ್ತದೆ. ಆಗಲೂ ಸದ್ದು ಬಂದರೆ ಅದು ಎಂಜಿನ್ನಿನದು, ಬಾರದಿದ್ದರೆ ಚಕ್ರದ ಕಡೆಯದು ಎಂದು ಬೇರ್ಪಡಿಸಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಈ ಉಪಾಯ ನಡೆಯದು. ಸಾಮಾನ್ಯವಾಗಿ ಇದರಲ್ಲಿ ಬದಲಾಯಿಸುವ ಗೇರುಗಳಿಲ್ಲ. ಮೋಟಾರಿಗೂ ಚಕ್ರಕ್ಕೂ ಸದಾ ಗಂಟುಹಾಕಿದ ಸಂಬಂಧ. ಚಕ್ರ ನಿಂತರೆ ಮೋಟಾರೂ ನಿಂತಿತು, ಚಕ್ರ ಓಡಿದರೆ ಮೋಟಾರೂ ಓಡಿತು. ಹೀಗಾಗಿ ಎರಡರ ಸದ್ದೂ ಗಾಡಿಯ ವೇಗದ ಜೊತೆಗೇ ಏರುತ್ತದೆ, ಇಳಿಯುತ್ತದೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನು ನೆನೆಸಿಕೊಳ್ಳಿ. ಕೆಳಗಿನ ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಮೇಲಿನ ಚಿಕ್ಕ ಗಾಲಿ ಹಲವು ಸುತ್ತು ತಿರುಗಿರುತ್ತದೆ. ಕಾರಿನಲ್ಲೂ ಹಾಗೇ. ಚಕ್ರ ಒಂದು ಸುತ್ತು ಬಂದರೆ ಮೋಟಾರು ಸಾಮಾನ್ಯವಾಗಿ ಎಂಟರಿಂದ ಹತ್ತು ಸುತ್ತು. ಆದ್ದರಿಂದ ಮೋಟಾರಿನದು ಎಣಿಸಲಾಗದ ‘ಕುಂಯ್’ ಎನ್ನುವ ಸಣ್ಣ ರಾಗ. ನಿಧಾನವಾಗಿ ಹೋಗುವಾಗ ಎಣಿಸಬಹುದಾದ ‘ಟಕ್... ಟಕ್’ ಅಥವಾ ‘ಶುಶ್... ಶುಶ್’ ಬಂದರೆ ಅದು ಚಕ್ರದ ಕಡೆಯದು.

ಈಗ ಪರೀಕ್ಷೆಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಹೊತ್ತು, ವಾಹನಗಳಿಲ್ಲದ ರಸ್ತೆ ಆರಿಸಿಕೊಳ್ಳಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಕೇಳಿ ಬರೆದುಕೊಳ್ಳಲಿ. ರೇಡಿಯೋ, ಎ.ಸಿ. ಎರಡೂ ಬಂದ್. ಮಕ್ಕಳು ಮನೆಯಲ್ಲಿರಲಿ. ಓಡುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ ನೋಡುವ ಸಾಹಸವಂತೂ ಬೇಡ.

೧. ಎಣಿಸುವ ಪರೀಕ್ಷೆ: ಕಾರಿನ ಟೈರಿನ ಸುತ್ತಳತೆ ಸುಮಾರು ೨ ಮೀಟರ್. ಬೇಕಾದರೆ ದಾರ ಸುತ್ತಿ ಹೊಲಿಗೆ ಟೇಪಿನಲ್ಲಿ ಅಳೆದು ನೋಡಿ. ಗಂಟೆಗೆ ೧೮ ಕಿ.ಮೀ. ವೇಗವೆಂದರೆ ಸೆಕೆಂಡಿಗೆ ೫ ಮೀಟರ್, ಅಂದರೆ ಚಕ್ರಕ್ಕೆ ಎರಡೂವರೆ ಸುತ್ತು. ಆ ವೇಗದಲ್ಲಿ ೧೦ ಸೆಕೆಂಡಿಗೆ ಸುಮಾರು ೨೫ ಸಲ ‘ಟಕ್’ ಎಂದರೆ, ಸುತ್ತಿಗೊಂದು ಸಲ ಏನೋ ತಾಗುತ್ತಿದೆ ಎಂದು ಅರ್ಥ. ಮೊದಲು ಗಾಡಿ ನಿಲ್ಲಿಸಿ ಟೈರಿನ ಹಲ್ಲುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ನೋಡಿ. ಎಷ್ಟೋ ಸಲ ರಹಸ್ಯವೆಲ್ಲ ಇಷ್ಟೇ! ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಆದರೆ ಮೊಳೆ ಇದ್ದರೆ ಕೀಳಬೇಡಿ, ಗಾಳಿ ಹೋಗಿಬಿಡುತ್ತದೆ. ಪಂಕ್ಚರ್ ಅಂಗಡಿಯಲ್ಲೇ ತೆಗೆಸಿ.

೨. ಕಾಲಿನ ಪರೀಕ್ಷೆ: ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ಎತ್ತಲಿ. ಕಾಲು ಎತ್ತಿದ ಕೂಡಲೇ ಸದ್ದಿನ ಬಗೆ ಬದಲಾದರೆ ಮೋಟಾರು ಅಥವಾ ಅದರ ಗೇರಿನ ಕಡೆ ಅನುಮಾನ. ಏಕೆಂದರೆ ಆಗ ಅವುಗಳ ಮೇಲಿನ ಭಾರ ಬದಲಾಗುತ್ತದೆ. ಏನೂ ಬದಲಾಗದೆ ವೇಗದ ಜೊತೆ ನಿಧಾನವಾಗಿ ಇಳಿದರೆ ಟೈರು ಅಥವಾ ಬೇರಿಂಗಿನ ಕಡೆ ಅನುಮಾನ.

೩. ರಸ್ತೆಯ ಪರೀಕ್ಷೆ: ಒರಟು ಡಾಂಬರಿನಿಂದ ನುಣುಪಾದ ರಸ್ತೆಗೆ ಬಂದಾಗ ಸದ್ದು ತಟ್ಟನೆ ಬದಲಾಯಿತೇ? ಹಾಗಾದರೆ ಟೈರು. ಟೈರು ಒಂದೇ ಸಮ ಸವೆಯದೆ ಅಲ್ಲಲ್ಲಿ ತಗ್ಗು ಬಿದ್ದರೂ ಗುಂಯ್‌ಗುಡುತ್ತದೆ. ಗಾಡಿ ನಿಂತಾಗ ಟೈರಿನ ಮೇಲೆ ಅಂಗೈ ಸವರಿ ನೋಡಿ. ತಂತಿ, ಮೊಳೆ ಇಲ್ಲವೆಂದು ಮೊದಲು ಕಣ್ಣಲ್ಲಿ ನೋಡಿಕೊಂಡು ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಸವೆತ ಸರಿಯಿಲ್ಲ. ಮುಂದಿನ ಟೈರನ್ನು ಹಿಂದಕ್ಕೆ ಹಾಕಿಸಿದಾಗ ಸದ್ದೂ ಹಿಂದಕ್ಕೆ ಹೋದರೆ ಕಳ್ಳ ಸಿಕ್ಕಿಬಿದ್ದ ಹಾಗೆ!

೪. ತಿರುವಿನ ಪರೀಕ್ಷೆ: ಇದು ಬೇರಿಂಗಿಗೆ. ಚಕ್ರ ಸರಾಗವಾಗಿ ತಿರುಗಲೆಂದು ಅದರ ನಡುವೆ ಗುಂಡುಗಳಿರುವ ಬೇರಿಂಗು ಇರುತ್ತದೆ. ಹಳೇ ಸೀಲಿಂಗ್ ಫ್ಯಾನು ಗುರುಗುಟ್ಟುವುದೂ ಬೇರಿಂಗಿನಿಂದಲೇ. ಗಾಡಿ ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ದೊಡ್ಡ ಬಲತಿರುವಿನಲ್ಲಿ ಸದ್ದು ಹೆಚ್ಚಾಗಿ ಎಡತಿರುವಿನಲ್ಲಿ ಕಮ್ಮಿಯಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗು ಸವೆದಿರುತ್ತದೆ. ಉಲ್ಟಾ ಆದರೆ ಬಲಗಡೆಯದು. ಇದಕ್ಕಾಗಿ ರಸ್ತೆಯಲ್ಲಿ ಹಾವಿನಂತೆ ಓಡಿಸಬೇಡಿ, ಇರುವ ತಿರುವುಗಳೇ ಸಾಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಮಾತ್ರ ‘ಕಟಕಟ’ ಎಂದರೆ ಅದು ಬೇರಿಂಗಲ್ಲ, ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲಿನದಿರಬಹುದು.

೫. ಬ್ರೇಕಿನ ಪರೀಕ್ಷೆ: ಎಲೆಕ್ಟ್ರಿಕ್ ಕಾರು ವೇಗ ಇಳಿಸುವಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಒಂದಿಷ್ಟು ವಿದ್ಯುತ್ ವಾಪಸು ತುಂಬುತ್ತದೆ. ಇದರಿಂದ ಚಕ್ರದ ಬ್ರೇಕಿಗೆ ಕೆಲಸ ಕಮ್ಮಿ. ಬಳಸದ ಕಬ್ಬಿಣದ ಬಾಣಲೆಯಂತೆ ಬ್ರೇಕಿನ ಡಿಸ್ಕೂ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಒಂದಿಷ್ಟು ಶರಶರ ಎಂದು, ನಾಲ್ಕು ಸಲ ಬ್ರೇಕ್ ಒತ್ತಿದ ಮೇಲೆ ಸುಮ್ಮನಾದರೆ ಚಿಂತೆ ಬೇಡ. ದಿನವಿಡೀ ಉಜ್ಜುವ ಸದ್ದು ಬರುತ್ತಿದ್ದು, ಬ್ರೇಕ್ ಮುಟ್ಟಿದಾಗ ಅದು ನಿಂತರೆ ಅಥವಾ ಬದಲಾದರೆ ಡಿಸ್ಕು, ಪ್ಯಾಡು ಬಿಚ್ಚಿ ನೋಡಿಸಬೇಕು. ಡಿಸ್ಕಿನ ಹಿಂದಿನ ತಗಡಿಗೆ ಕಲ್ಲು ಸಿಕ್ಕಿಕೊಂಡರೂ ಹೀಗೆ ಉಜ್ಜುತ್ತದೆ.

ಇನ್ನು ದೋಷವಲ್ಲದ ಸದ್ದುಗಳೂ ಇವೆ. ಗಾಡಿ ನಿಂತ ಮೇಲೂ ಬರುವ ಗುಂಯ್ ಸದ್ದು ಬ್ಯಾಟರಿ ತಣಿಸುವ ಪಂಪು, ಫ್ಯಾನುಗಳದ್ದಿರಬಹುದು. ನಿಧಾನಕ್ಕೆ ಹೋಗುವಾಗ ಕೆಲವು ಕಾರುಗಳು ಬೇಕೆಂದೇ ಸದ್ದು ಮಾಡುತ್ತವೆ. ಸದ್ದಿಲ್ಲದೆ ಬಂದ ಗಾಡಿ ದಾರಿಹೋಕರಿಗೆ ಗೊತ್ತಾಗಲಿ ಎಂದು ಈ ಏರ್ಪಾಡು. ಯುರೋಪಿನ ಒಕ್ಕೂಟದಲ್ಲಿ ೨೦೨೧ರ ಜುಲೈಯಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಇದು ಕಡ್ಡಾಯ, ೨೦ ಕಿ.ಮೀ. ವೇಗದವರೆಗೆ.

ಹಾಸನದ ಸೋದರಿಯ ವಿಷಯಕ್ಕೆ ಬರುತ್ತೇನೆ. ಪತ್ರದ ಕೊನೆಯಲ್ಲಿ ಅವರು ಎರಡು ಮಾತು ಸೇರಿಸಿದ್ದಾರೆ. ಬಲಕ್ಕೆ ತಿರುಗುವ ತಿರುವಿನಲ್ಲಿ ಸದ್ದು ಜೋರಂತೆ. ಜುಲೈ ತಿಂಗಳಲ್ಲಿ ಒಂದು ದಿನ ರಸ್ತೆಯ ಮೇಲೆ ಹರಿಯುತ್ತಿದ್ದ ನೀರಲ್ಲಿ ಗಾಡಿ ದಾಟಿಸಿದ್ದರಂತೆ. ಎಷ್ಟು ಒಳ್ಳೆಯ ಸುಳಿವು ನೋಡಿ! ಬೇರಿಂಗಿನೊಳಕ್ಕೆ ನೀರು ಸೇರಿದರೆ ಒಳಗಿನ ಗ್ರೀಸು ಕೆಟ್ಟು, ವಾರಗಳ ಮೇಲೆ ಸದ್ದು ಶುರುವಾಗುವುದುಂಟು. ಕಣ್ಣಾರೆ ನೋಡದೆ ತೀರ್ಪು ಕೊಡಲಾರೆ. ಆದರೂ ಮುಂದಿನ ಎಡಚಕ್ರದ ಬೇರಿಂಗನ್ನು ಮೊದಲು ನೋಡಿಸಿ, ತಾಯಿ. ಗಾಡಿ ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಎನ್ನುತ್ತದೆಯೇ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಡುತ್ತದೆಯೇ ಎಂದು ತಿಳಿದವರು ನೋಡುತ್ತಾರೆ. ಇದು ಗೊತ್ತಾಗುವ ತನಕ ಘಾಟಿ ಇಳಿಯಬೇಡಿ. ಸೀಮಂತಕ್ಕೆ ಬಸ್ಸಿನಲ್ಲಿ ಹೋದರೂ ಬಳೆ ತೊಡಿಸಬಹುದು. ಸವೆದ ಬೇರಿಂಗು ತಾನಾಗಿ ಸರಿಹೋಗುವುದಿಲ್ಲ. ಬಿಟ್ಟಷ್ಟೂ ಸಡಿಲವಾಗಿ ಕೊನೆಗೆ ಚಕ್ರಕ್ಕೇ ಅಪಾಯ.

ಮತ್ತೆ ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಹೀಗಿರಲಿ:

“ಸದ್ದು: ಗುಂ ಎಂದು, ಮುಂದಿನ ಎಡಗಡೆಯಿಂದ. ಶುರು: ೪೦ ಕಿ.ಮೀ. ಜೋರು: ೬೦ ಕಿ.ಮೀ. ಕಾಲು ಎತ್ತಿದರೆ: ಬದಲಾಗುವುದಿಲ್ಲ. ರಸ್ತೆ ಬದಲಾದರೆ: ಹಾಗೇ ಇರುತ್ತದೆ. ಬಲತಿರುವು: ಹೆಚ್ಚು. ಎಡತಿರುವು: ಕಮ್ಮಿ. ಬ್ರೇಕ್ ಒತ್ತಿದರೆ: ವ್ಯತ್ಯಾಸವಿಲ್ಲ. ಜುಲೈಯಲ್ಲಿ ನೀರಲ್ಲಿ ದಾಟಿದೆ.”

ನೀವು ಪರೀಕ್ಷಿಸಿ ಕಂಡದ್ದನ್ನಷ್ಟೇ ಬರೆಯಿರಿ. ಚೀಟಿ ಕೊಟ್ಟು, “ನೀವೂ ನಮ್ ಜೊತೆ ಒಂದು ರೌಂಡ್ ಬನ್ನಿ, ಕೇಳಿಸ್ತೀನಿ” ಎನ್ನಿ. ಗಾಡಿ ತೊಳೆದು ಕಳಿಸುವವರೂ ಆಗ ಕಿವಿಗೊಡುತ್ತಾರೆ. ವಾರಂಟಿ ಇದೆಯೇ ನೋಡಿ, ಏನು ಮಾಡಿದರೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬದಲಾಯಿಸಿದ ಹಳೇ ಭಾಗವನ್ನು ತೋರಿಸಲು ಕೇಳಿ. ಎಲೆಕ್ಟ್ರಿಕ್ ಕಾರಿನ ನೆಲದಡಿ ಸಾಮಾನ್ಯವಾಗಿ ಬ್ಯಾಟರಿ ಇರುತ್ತದೆ. ಗುರುತು ಮಾಡಿದ ಜಾಗದಲ್ಲಲ್ಲದೆ ಬೇರೆಲ್ಲೂ ಜಾಕ್ ಕೊಡಬಾರದು. ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ನೀವಾಗಲಿ, ತರಬೇತಿ ಇಲ್ಲದ ಮೆಕ್ಯಾನಿಕ್ ಆಗಲಿ ಮುಟ್ಟಕೂಡದು. ಅವುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಹರಿಯುತ್ತದೆ.

ಯಾವ ಪರೀಕ್ಷೆಯನ್ನೂ ಮಾಡದೆ ಕೂಡಲೇ ಗಾಡಿಯನ್ನು ಬದಿಗೆ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಟೈರು ಬದಲಾಯಿಸಿದ ಮೇಲೆ ‘ಧಡ್ ಧಡ್’ ಎಂದರೆ ಚಕ್ರದ ನಟ್ಟು ಸಡಿಲವಾಗಿರಬಹುದು. ಟೈರಿನ ಪಕ್ಕದಲ್ಲಿ ಬೋರೆಯಂತೆ ಉಬ್ಬಿದ್ದರೆ ಅದು ಯಾವಾಗ ಬೇಕಾದರೂ ಒಡೆದೀತು. ಸದ್ದಿನ ಜೊತೆ ಸ್ಟೀರಿಂಗ್ ನಡುಗಿದರೆ, ಸುಟ್ಟ ವಾಸನೆ ಬಂದರೆ, ಬ್ರೇಕಿನ ಎಚ್ಚರಿಕೆ ದೀಪ ಹೊತ್ತಿದರೆ ಮುಂದೆ ಒಂದು ಹೆಜ್ಜೆಯೂ ಬೇಡ. “ಮನೆ ಇಲ್ಲೇ ಇದೆ, ಮೆಲ್ಲಗೆ ಹೋಗಿಬಿಡೋಣ” ಎಂದು ಯಾರೇ ಹೇಳಲಿ, ಮಕ್ಕಳನ್ನು ಇಳಿಸಿಕೊಂಡು ರಸ್ತೆಯಿಂದ ದೂರ ನಿಲ್ಲಿ.

ಬ್ಯಾಟರಿಯ ದೆಸೆಯಿಂದ ಈ ಕಾರುಗಳು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರ, ಟೈರಿಗೆ ಕೆಲಸ ಜಾಸ್ತಿ. ತಿಂಗಳಿಗೊಮ್ಮೆ ಗಾಳಿ ನೋಡಿಸಿ. ಎಷ್ಟಿರಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ೧೦,೦೦೦ ಕಿ.ಮೀ.ಗೊಮ್ಮೆ ಟೈರುಗಳನ್ನು ಹಿಂದುಮುಂದು ಮಾಡಿಸಿ. ಹರಿಯುವ ನೀರು ಕಂಡರೆ ಗಾಡಿ ತಿರುಗಿಸಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇದಕ್ಕೂ ಒಂದು ಗುರುತಿರಲಿ.

ನಿಮ್ಮ ಕಾರಾಗಲಿ, ಗ್ರೈಂಡರಾಗಲಿ ವಿಚಿತ್ರ ಸದ್ದು ಮಾಡುತ್ತಿದ್ದರೆ ಮೇಲಿನ ಚೀಟಿಯ ರೀತಿಯಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ, ಕರೆಂಟು ಹೋಗಿ ಬಂದಾಗ ಫ್ರಿಜ್ಜನ್ನು ಕಾಪಾಡಿಕೊಳ್ಳುವುದು ಹೇಗೆಂದು ನೋಡೋಣ.