‘ರಜೆ ಹೇಗಿತ್ತು?’

ಜನವರಿಯ ಮೊದಲ ಸೋಮವಾರ ಪಶ್ಚಿಮ ದೇಶಗಳ ಕಚೇರಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ‘ರಜೆ ಹೇಗಿತ್ತು?’ ಕಾಫಿ ಯಂತ್ರದ ಬಳಿ, ಲಿಫ್ಟಿನಲ್ಲಿ, ವಾರದ ಸಭೆ ಶುರುವಾಗುವ ಮೊದಲಿನ ಎರಡು ನಿಮಿಷಗಳಲ್ಲಿ ಕೇಳುವ ಈ ಪ್ರಶ್ನೆಯಲ್ಲಿ ಕೆಡುಕೇನೂ ಇಲ್ಲ. ಅದು ಸೌಜನ್ಯ. ಅದಕ್ಕೆ ಸಲ್ಲುವ ಉತ್ತರವೂ ಒಂದೇ: ‘ಚೆನ್ನಾಗಿತ್ತು, ನಿಮ್ಮದು?’ ಆದರೆ ಪ್ರತಿವರ್ಷವೂ ಈ ಪ್ರಶ್ನೆಯ ಎದುರು ಒಂದು ಗಳಿಗೆ ತಡವರಿಸಿ, ಅದೇ ಉತ್ತರವನ್ನು ಕೊಟ್ಟು, ಕುರ್ಚಿಗೆ ಮರಳಿ ಕಂಪ್ಯೂಟರ್ ತೆರೆಯುವ ಕೆಲವರಿರುತ್ತಾರೆ. ಮೂರು ದಶಕಗಳ ಹಿಂದೆ ಸೂಟ್‌ಕೇಸ್ ಹಿಡಿದು ಹೊರಟ ತಲೆಮಾರು ಈಗ ನಡುವಯಸ್ಸನ್ನು ದಾಟುತ್ತಿದೆ. ಅವರು ಊರಿನಲ್ಲಿ ಬಿಟ್ಟುಬಂದ ಅಪ್ಪ ಅಮ್ಮಂದಿರು ಎಪ್ಪತ್ತು, ಎಂಬತ್ತನ್ನು ದಾಟಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬರುವ ಕಾಲವಿದು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಕ್ಕ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ತಮ್ಮ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ತಾಯಿ ಅರಸೀಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಡಿಸೆಂಬರ್ ಮೊದಲ ವಾರ ತಾಯಿ ತೀರಿಕೊಳ್ಳುತ್ತಾರೆ. ತಮ್ಮ ಸಿಕ್ಕಿದ ವಿಮಾನ ಹಿಡಿದು ಹೊರಡುತ್ತಾನೆ. ಅವನು ತಲುಪುವ ಹೊತ್ತಿಗೆ ಹೊಲದ ಬದಿಯಲ್ಲಿ ಮಣ್ಣು ಮಾಡಿ ಆಗಿರುತ್ತದೆ. ಮೂರನೆಯ ದಿನದ ಹಾಲುತುಪ್ಪಕ್ಕೆ ಅವನು ಇರುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಉಳಿಯಲು ರಜೆ ಸಾಲುವುದಿಲ್ಲ. ಅಕ್ಕ ಹೊರಡುವಂತೆಯೇ ಇಲ್ಲ. ಆಕೆಯ ವೀಸಾ ವಿಸ್ತರಣೆಯ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಮೊದಲೇ ದೇಶ ಬಿಟ್ಟರೆ ಬ್ರಿಟನ್ನಿನ ನಿಯಮದಂತೆ ಅರ್ಜಿಯನ್ನೇ ಹಿಂತೆಗೆದುಕೊಂಡಂತಾಗುತ್ತದೆ. ಹೆತ್ತವಳನ್ನು ಮಣ್ಣಿಗಿಡುವುದನ್ನು ಆಕೆ ನೆಂಟರ ಹುಡುಗನೊಬ್ಬ ಹಿಡಿದ ಫೋನಿನ ಅಲುಗಾಡುವ ಚಿತ್ರದಲ್ಲಿ ನೋಡುತ್ತಾಳೆ.

ಆಮೇಲೆ ಕ್ರಿಸ್‌ಮಸ್ ಬರುತ್ತದೆ. ಎರಡೂ ದೇಶಗಳಲ್ಲಿ ಡಿಸೆಂಬರ್ 25 ಮತ್ತು 26 ರಜೆ. ಇಂಗ್ಲೆಂಡಿನಲ್ಲಿ 25ರಂದು ರೈಲುಗಳೂ ಓಡುವುದಿಲ್ಲ. ಎರಡು ಮನೆಗಳು ಒಂದೆಡೆ ಸೇರಲು ವರ್ಷದಲ್ಲಿ ಸಿಗುವ ಬಿಡುವು ಅದೊಂದೇ. ಬೇಸಿಗೆಯಲ್ಲೇ ಗೊತ್ತುಮಾಡಿದ ಭೇಟಿ, ಮಕ್ಕಳಿಗೆ ಕೊಟ್ಟ ಮಾತು, ಹಿಂದಕ್ಕೆ ಬಾರದ ಟಿಕೆಟ್ಟಿನ ಹಣ. ಸೂತಕದ ಮನೆಯಲ್ಲಿ ಹಬ್ಬ ಮಾಡಬಹುದೇ ಎಂಬ ಅಳುಕು ದೊಡ್ಡವರಿಗೆ. ಯುಗಾದಿಯೋ ದೀಪಾವಳಿಯೋ ಆಗಿದ್ದರೆ ಉತ್ತರ ಗೊತ್ತಿತ್ತು. ಕ್ರಿಸ್‌ಮಸ್ ಬಗ್ಗೆ ಊರಿನ ಹಿರಿಯರು ಯಾವ ಕಟ್ಟಳೆಯನ್ನೂ ಹೇಳಿಹೋಗಿಲ್ಲ. ಮಕ್ಕಳು ಮರಕ್ಕೆ ದೀಪದ ಸರ ಸುತ್ತುತ್ತಾರೆ. ಪಕ್ಕದ ಕಪಾಟಿನ ಮೇಲೆ ಅಜ್ಜಿಯ ಫೋಟೋ. ಊರಿನಲ್ಲಿ ಅದು ಅವರೆಕಾಯಿಯ ಕಾಲ. ಭಾರತೀಯ ಅಂಗಡಿಯ ಶೀತಪೆಟ್ಟಿಗೆಯಿಂದ ತಂದ ಅವರೆಕಾಳಿನಲ್ಲಿ ಅಮ್ಮ ಮಾಡುತ್ತಿದ್ದ ಸಾರು ಮಾಡಲು ಹೋಗಿ, ಹದ ಸಿಗದೆ, ಅಕ್ಕ ಒಲೆಯ ಮುಂದೆ ನಿಂತುಬಿಡುತ್ತಾಳೆ. ಮಕ್ಕಳು ಮಲಗಿದ ಮೇಲೆ ಅಕ್ಕ ತಮ್ಮಂದಿರ ನಡುವೆ ಮಾತು ಬರುತ್ತದೆ: ಆಸ್ಪತ್ರೆಗೆ ಸೇರಿಸಿದ್ದನ್ನು ಯಾಕೆ ಎರಡು ದಿನ ತಡವಾಗಿ ಹೇಳಿದ್ದು? ನೀನು ಯಾಕೆ ಕಳೆದ ವರ್ಷವೇ ಹೋಗಲಿಲ್ಲ? ಜಗಳ ಅಳುವಿನಲ್ಲಿ ಮುಗಿಯುತ್ತದೆ. ಹಳ್ಳಿಯಲ್ಲಿ ಹನ್ನೊಂದು ದಿನ ನಡೆಯಬೇಕಾಗಿದ್ದದ್ದು ಬಾಡಿಗೆ ಮನೆಯೊಂದರಲ್ಲಿ ಆರು ರಾತ್ರಿಗಳಲ್ಲಿ ನಡೆಯುತ್ತದೆ. ಸೋಮವಾರ ಆಕೆ ಕೆಲಸಕ್ಕೆ ಹೋಗುತ್ತಾಳೆ. ‘ರಜೆ ಹೇಗಿತ್ತು?’ ‘ಚೆನ್ನಾಗಿತ್ತು.’

ಈ ಮನೆ ಕಲ್ಪಿತ. ಆದರೆ ಇದರ ಒಂದೊಂದು ವಿವರವೂ ಯಾವುದೋ ಒಂದು ಮನೆಯಲ್ಲಿ ನಡೆದಿರುವಂಥದ್ದೇ. ಇದನ್ನು ಖಾಸಗಿ ದುಃಖವೆಂದು ಬದಿಗಿಡುವ ಅಭ್ಯಾಸವಿದೆ. ಸಾವು ಖಾಸಗಿ, ನಿಜ. ಆದರೆ ಅಳುವುದಕ್ಕೆ ಎಷ್ಟು ದಿನ ಸಿಗುತ್ತದೆ, ಆ ದಿನಗಳಿಗೆ ಸಂಬಳ ಉಂಟೋ ಇಲ್ಲವೋ, ಹೋದವರು ಹಿಂದಿರುಗಲು ಆಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಕಾನೂನು, ಉದ್ಯೋಗದ ಕರಾರು ಮತ್ತು ವಲಸೆಯ ನಿಯಮ. ಆದ್ದರಿಂದ ಇದು ರಾಜಕೀಯದ ಪ್ರಶ್ನೆ.

ಕಾನೂನುಗಳು ಏನು ಹೇಳುತ್ತವೆ? ಅಮೆರಿಕದಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯಿದೆ ಹೆರಿಗೆಗೆ, ಕಾಯಿಲೆಗೆ, ಕಾಯಿಲೆಯವರ ಆರೈಕೆಗೆ 12 ವಾರಗಳ ಸಂಬಳರಹಿತ ರಜೆ ಕೊಡುತ್ತದೆ, ಸಾವಿಗೆ ಕೊಡುವುದಿಲ್ಲ. ಅಮ್ಮ ಹಾಸಿಗೆ ಹಿಡಿದಿರುವವರೆಗೆ ಹಕ್ಕುಂಟು. ಉಸಿರು ನಿಂತ ಕೂಡಲೇ ಆ ಹಕ್ಕೂ ನಿಲ್ಲುತ್ತದೆ. ರಾಜ್ಯಗಳ ಪೈಕಿ ಆರಿಗನ್ 2014ರಿಂದ, ಕ್ಯಾಲಿಫೋರ್ನಿಯಾ 2023ರಿಂದ ಶೋಕರಜೆಯನ್ನು ಕಾನೂನಿನಲ್ಲಿ ತಂದಿವೆ. ಕ್ಯಾಲಿಫೋರ್ನಿಯಾದಲ್ಲಿ ಅದು ಐದು ದಿನ. ಆಸ್ಟ್ರೇಲಿಯಾದಲ್ಲಿ ಪ್ರತಿ ಸಾವಿಗೆ ಎರಡು ದಿನ. ಕೆನಡಾದ ಬ್ಯಾಂಕು, ವಿಮಾನ, ದೂರಸಂಪರ್ಕದಂಥ ಒಕ್ಕೂಟ ಸರ್ಕಾರದ ವ್ಯಾಪ್ತಿಯ ಉದ್ಯೋಗಗಳಲ್ಲಿ ಹತ್ತು ದಿನ, ಅದರಲ್ಲಿ ಮೂರು ದಿನ ಸಂಬಳಸಹಿತ. ಅದೇ ದೇಶದ ಒಂಟಾರಿಯೋ ಪ್ರಾಂತ್ಯದ ಸಾಮಾನ್ಯ ನೌಕರರಿಗೆ ಸಂಬಳವಿಲ್ಲದ ಎರಡು ದಿನ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಗಾತಿ ಸತ್ತರೆ ಐದು ದಿನ, ತಂದೆ ತಾಯಿ ಸತ್ತರೆ ಮೂರು ದಿನ. ಸಿಂಗಪುರದಲ್ಲಿ ಖಾಸಗಿ ನೌಕರರಿಗೆ ಕಾನೂನಿನ ಹಕ್ಕೇ ಇಲ್ಲ, ಎಲ್ಲವೂ ಕರಾರಿನಲ್ಲಿ ಬರೆದಂತೆ. ಬ್ರಿಟನ್ನಿನಲ್ಲಿ ಮಗುವನ್ನು ಕಳೆದುಕೊಂಡವರಿಗೆ 2020ರಿಂದ ಎರಡು ವಾರಗಳ ಹಕ್ಕು ಬಂದಿದೆ. ತಂದೆ ತಾಯಿ ಸತ್ತರೆ ‘ಸಮಂಜಸವಾದಷ್ಟು’ ಸಂಬಳವಿಲ್ಲದ ಬಿಡುವು ಮಾತ್ರ. 2025ರ ಡಿಸೆಂಬರ್‌ನಲ್ಲಿ ಅಂಗೀಕಾರ ಪಡೆದ ಉದ್ಯೋಗ ಹಕ್ಕುಗಳ ಕಾಯಿದೆ ಎಲ್ಲ ನೌಕರರಿಗೂ ಶೋಕರಜೆಯ ಹಕ್ಕನ್ನು ಕೊಡಲಿದೆ, ಸಂಬಳವಿಲ್ಲದೆ.

ಈ ಲೆಕ್ಕಗಳೆಲ್ಲ ಹೆಣ ಹತ್ತಿರದಲ್ಲಿದೆ ಎಂದು ನಂಬಿ ಹಾಕಿದವು. ಮನೆಯಿಂದ ಕಾರಿನಲ್ಲಿ ಹೋಗಿ, ಅಂತ್ಯಕ್ರಿಯೆ ಮುಗಿಸಿ, ಮರುದಿನ ಬರಬಲ್ಲವರಿಗೆ ಎರಡು ದಿನ. ಕ್ಯಾಲಿಫೋರ್ನಿಯಾದಿಂದ ಬೆಂಗಳೂರಿಗೆ ಹೋಗಲು, ಅಲ್ಲಿಂದ ಹಳ್ಳಿ ತಲುಪಲು ಆ ಎರಡು ದಿನ ದಾರಿಯಲ್ಲೇ ಕರಗುತ್ತವೆ. ಕಾನೂನಿನ ‘ಹತ್ತಿರದ ಕುಟುಂಬ’ವೂ ಹಾಗೆಯೇ. ತಾಯಿಯಿಲ್ಲದ ಮಗುವನ್ನು ಸಾಕಿದ ಚಿಕ್ಕಮ್ಮ, ಫೀಸು ಕಟ್ಟಿ ಓದಿಸಿದ ಸೋದರಮಾವ, ಒಂದೇ ಅಂಗಳದಲ್ಲಿ ಬೆಳೆದ ದೊಡ್ಡಪ್ಪನ ಮಗ ಅನೇಕ ಕಡೆ ಅದರ ಹೊರಗೇ ಉಳಿಯುತ್ತಾರೆ. ‘ಅಂಕಲ್’ ಎಂಬ ಒಂದೇ ಪದದಲ್ಲಿ ಅವರನ್ನೆಲ್ಲ ತುಂಬಿ ಅರ್ಜಿ ಬರೆದಾಗ, ಅದನ್ನು ಓದುವ ಅಧಿಕಾರಿಗೆ ಅದು ದೂರದ ಸಂಬಂಧವಾಗಿ ಕಾಣುತ್ತದೆ.

ದೂರಕ್ಕಿಂತಲೂ ದೊಡ್ಡ ಗೋಡೆ ವೀಸಾ. 2021ರ ಮೇ ತಿಂಗಳಲ್ಲಿ ಭಾರತದಲ್ಲಿ ಕೋವಿಡ್ಡಿನ ಎರಡನೆಯ ಅಲೆ ಹೆಣಗಳ ಸಾಲು ಕಟ್ಟಿದಾಗ, ಆಸ್ಟ್ರೇಲಿಯಾ ಭಾರತದಿಂದ ಮರಳುವ ತನ್ನ ಪ್ರಜೆಗಳಿಗೂ ಬಾಗಿಲು ಮುಚ್ಚಿ, ಉಲ್ಲಂಘಿಸಿದವರಿಗೆ ಐದು ವರ್ಷಗಳವರೆಗಿನ ಸೆರೆವಾಸದ ಬೆದರಿಕೆ ಹಾಕಿತ್ತು. ಅದೇ ತಿಂಗಳು ಅಮೆರಿಕ ಭಾರತದಿಂದ ಬರುವ ಎಚ್-1ಬಿ ವೀಸಾದವರನ್ನು ನಿರ್ಬಂಧಿಸಿತು. ಹೋದರೆ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲವೂ ಈಚೆ ದಡದಲ್ಲಿ. ಹೋಗದಿದ್ದರೆ ಅಪ್ಪನ ಮುಖ ಆಚೆ ದಡದಲ್ಲಿ. 2025ರ ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ತಪಾಸಣೆ ಶುರುವಾದಾಗ, ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಆ ರಜೆಯಲ್ಲಿ ಊರಿಗೆ ಹೋದ ಎಷ್ಟೋ ಮಂದಿ ಅಲ್ಲೇ ಸಿಕ್ಕಿಕೊಂಡರು. ಇಂಥ ಸುದ್ದಿಯ ಪರಿಣಾಮ ಸಿಕ್ಕಿಕೊಂಡವರ ಮೇಲೆ ಮಾತ್ರವಲ್ಲ, ಹೆದರಿ ಹೋಗದೇ ಉಳಿದವರ ಮೇಲೂ ಆಗುತ್ತದೆ. ಅವರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ.

ಇನ್ನು, ಕ್ರಿಸ್‌ಮಸ್ಸಿಗೆ ಎಲ್ಲರ ಕಚೇರಿಯೂ ಮುಚ್ಚುವುದಿಲ್ಲ. ಬ್ರಿಟನ್ನಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಮಂಗಳೂರಿನ ಕ್ರೈಸ್ತ ನರ್ಸಿಗೆ ಅದು ಸ್ವಂತ ಹಬ್ಬ. ಮನೆಯಿಂದ ಬರುವ ಕುಸ್ವಾರಿನ ಡಬ್ಬಿ ಈ ವರ್ಷ ಯಾಕೆ ಬರಲಿಲ್ಲವೆಂಬುದನ್ನು ಆಕೆ ಯಾರಿಗೂ ಹೇಳದೆ ಪಾಳಿ ಮುಗಿಸುತ್ತಾಳೆ. ಕೊಲ್ಲಿಯಲ್ಲಿ ಡಿಸೆಂಬರ್ 25 ಸರ್ಕಾರಿ ರಜೆಯೇ ಅಲ್ಲ. ಎಮಿರೇಟ್ಸ್‌ನ ಕಾರ್ಮಿಕ ಕಾನೂನಿನ ಆ ಮೂರು ದಿನಗಳೂ ಮನೆಗೆಲಸದವರಿಗೆ ಅನ್ವಯಿಸುವುದಿಲ್ಲ, ಅವರಿಗೆ ಬೇರೆಯೇ ಕಾನೂನು. ಆಸ್ಟ್ರೇಲಿಯಾದ ಎರಡು ದಿನಗಳಿಗೆ ತಾತ್ಕಾಲಿಕ ನೌಕರರಿಗೆ ಸಂಬಳವಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ವಿದ್ಯಾರ್ಥಿ, ಟ್ಯಾಕ್ಸಿ ಓಡಿಸುವವನು, ವೃದ್ಧಾಶ್ರಮದಲ್ಲಿ ಇನ್ಯಾರದೋ ತಾಯಿಯ ಮೈ ಒರೆಸುತ್ತ ತನ್ನ ತಾಯಿಯನ್ನು ನೆನೆಯುವವಳು, ಇವರ ಶೋಕಕ್ಕೆ ಗಂಟೆಯ ಕೂಲಿಯೇ ಅಳತೆ. ಕನ್ನಡ ಕೂಟಗಳ ಸಮಾರಂಭಗಳಲ್ಲಿ ಇವರು ಹೆಚ್ಚು ಕಾಣುವುದಿಲ್ಲ. ಆದರೆ ಇವರೂ ಅನಿವಾಸಿ ಕನ್ನಡಿಗರೇ.

ಇಷ್ಟು ಹೇಳಿದ ಮೇಲೆ ಊರಿನ ಪದ್ಧತಿಯನ್ನು ಹೊಗಳುವ ಆಸೆ ಸಹಜ. ಅದರಲ್ಲಿ ಎಚ್ಚರ ಬೇಕು. ಸೂತಕ ಮೈಲಿಗೆಯ ಕಲ್ಪನೆಯಿಂದ ಹುಟ್ಟಿದ್ದು. ಎಷ್ಟು ದಿನ, ಯಾರಿಗೆ, ಯಾರ ಕೈಯಿಂದ ಎಂಬ ಕಟ್ಟಳೆಗಳಲ್ಲಿ ಜಾತಿಯಿದೆ. ಗಂಡ ಸತ್ತವಳ ಕುಂಕುಮ ಅಳಿಸಿ ಬಳೆ ಒಡೆದದ್ದೂ ಅದೇ ಶಾಸ್ತ್ರ. ಸಾವಿನ ಮನೆಯಲ್ಲಿ ನೂರು ಜನಕ್ಕೆ ಅಡುಗೆ ಮಾಡುತ್ತ ಅಳುವುದಕ್ಕೂ ಬಿಡುವಿಲ್ಲದವರು ಹೆಂಗಸರು. ದಿನಗೂಲಿಯವನಿಗೆ ಹನ್ನೊಂದು ದಿನ ಕೂರುವ ಶಕ್ತಿ ಹಳ್ಳಿಯಲ್ಲೂ ಇರಲಿಲ್ಲ. ಅವನು ಹಾಲುತುಪ್ಪದ ಮರುದಿನವೇ ಇನ್ನೊಬ್ಬರ ಗದ್ದೆಗೆ ಇಳಿದಿದ್ದಾನೆ. ಹೀಗೆ ನೋಡಿದರೆ ಶೋಕಕ್ಕೆ ಸಮಯ ಎಂಬುದು ಅಲ್ಲಿಯೂ ಆಸ್ತಿಯುಳ್ಳವರ ಸವಲತ್ತಾಗಿತ್ತು. ಆದರೂ ಆ ಪದ್ಧತಿಯಲ್ಲಿ ಒಂದು ತಿಳಿವಳಿಕೆಯಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚದಂತೆ ಮಾಡಿ ನೆರೆಯವರು ಊಟ ತರುತ್ತಿದ್ದರು. ಬಂದವರು ಏನನ್ನೂ ಹೇಳದೆ ಜಗಲಿಯ ಮೇಲೆ ಕೂತು ಎದ್ದುಹೋಗುತ್ತಿದ್ದರು. ದುಃಖದಲ್ಲಿರುವವರಿಂದ ಕೆಲಸವನ್ನು ನಿರೀಕ್ಷಿಸಬಾರದು ಎಂಬುದು ಅಲ್ಲಿ ಒಬ್ಬ ಮ್ಯಾನೇಜರನ ಔದಾರ್ಯವಾಗಿರಲಿಲ್ಲ, ಊರಿನ ನಿಯಮವಾಗಿತ್ತು. ಮೈಲಿಗೆಯನ್ನು ಬಿಟ್ಟು ಈ ನಿಯಮವನ್ನು ಎಲ್ಲರ ಹಕ್ಕಾಗಿ ಕಾನೂನಿಗೆ ತರುವುದೇ ಪ್ರಗತಿಪರರ ಕೆಲಸ.

ಶೋಕವೂ ಒಂದು ದುಡಿಮೆ ಎಂಬ ಮಾತನ್ನು ಸಿಗ್ಮಂಡ್ ಫ್ರಾಯ್ಡ್ 1917ರ ತನ್ನ ಪ್ರಬಂಧದಲ್ಲೇ ಮುಂದಿಟ್ಟಿದ್ದ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕೈಪಿಡಿಗೆ ‘ದೀರ್ಘಕಾಲದ ಶೋಕದ ತೊಂದರೆ’ಯನ್ನು ಸೇರಿಸಿದಾಗ, ವಯಸ್ಕರಲ್ಲಿ ಸಾವು ಸಂಭವಿಸಿ ಕನಿಷ್ಠ 12 ತಿಂಗಳು ಕಳೆಯದೆ ಅದನ್ನು ಕಾಯಿಲೆಯೆಂದು ಕರೆಯಬಾರದೆಂದಿತು. ಅಂದರೆ ಒಂದು ವರ್ಷದವರೆಗಿನ ತೀವ್ರ ಶೋಕವನ್ನೂ ರೋಗವೆಂದು ಹೆಸರಿಸಲು ವೈದ್ಯರೇ ಹಿಂಜರಿಯುತ್ತಾರೆ. ಉದ್ಯೋಗದ ಕರಾರು ಅದಕ್ಕೆ ಎರಡು ದಿನ, ಮೂರು ದಿನ, ಐದು ದಿನ ಎನ್ನುತ್ತದೆ. ಈ ಎರಡು ಅಳತೆಗಳ ನಡುವಿನ ಅಂತರವನ್ನು ನೌಕರ ತನ್ನ ಮೈಮೇಲೆ ಹೊರುತ್ತಾನೆ: ಒಂದೇ ಇಮೇಲನ್ನು ನಾಲ್ಕು ಸಲ ಓದಿ, ಸಭೆಯ ನಡುವೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದು.

ಇದಕ್ಕೆ ಆಕ್ಷೇಪಗಳುಂಟು. ಸಣ್ಣ ಅಂಗಡಿಯ ಮಾಲೀಕ ಇಷ್ಟು ರಜೆಯ ಖರ್ಚನ್ನು ಹೇಗೆ ಭರಿಸಬೇಕು? ಈ ಪ್ರಶ್ನೆ ನ್ಯಾಯವಾದದ್ದು. ಹೆರಿಗೆ ರಜೆಯ ಖರ್ಚನ್ನು ಅನೇಕ ದೇಶಗಳಲ್ಲಿ ಸಾಮಾಜಿಕ ವಿಮೆಯೋ ಸರ್ಕಾರವೋ ಹೊರುವಂತೆ ಇದನ್ನೂ ಹೊರಬಹುದು. ವಾರ್ಷಿಕ ರಜೆ ಇದೆಯಲ್ಲ ಎನ್ನುವವರಿಗೆ ಉತ್ತರ: ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸಂಬಳಸಹಿತ ವಾರ್ಷಿಕ ರಜೆಯ ಹಕ್ಕೇ ಇಲ್ಲ, ಇರುವ ಕಡೆಯೂ ಅದು ವಿಶ್ರಾಂತಿಗೆಂದು ಗಳಿಸಿದ್ದು, ಸಾವಿಗೆಂದು ಕೂಡಿಟ್ಟದ್ದಲ್ಲ. ಕೆಲಸವೇ ಮದ್ದು ಎನ್ನುವವರೂ ಇದ್ದಾರೆ. ಕೆಲವರಿಗೆ ಅದು ನಿಜ. ಆದರೆ ಮದ್ದನ್ನು ಯಾವಾಗ ತೆಗೆದುಕೊಳ್ಳಬೇಕೆಂಬ ಆಯ್ಕೆ ನೋವಿರುವವರದಾಗಬೇಕು.

ಬೇಡಿಕೆ ಸ್ಪಷ್ಟವಾಗಿರಬೇಕು. ಸಂಬಳಸಹಿತ ಶೋಕರಜೆ ಕಾನೂನಿನ ಹಕ್ಕಾಗಬೇಕು. ಹೊರದೇಶದಲ್ಲಿ ನಡೆದ ಸಾವಿಗೆ ಪ್ರಯಾಣದ ದಿನಗಳು ಬೇರೆಯಾಗಿ ಸಿಗಬೇಕು. ರಜೆಯನ್ನು ಬಿಡಿಬಿಡಿಯಾಗಿ ಒಂದು ವರ್ಷದೊಳಗೆ ಬಳಸಲು ಬಿಡಬೇಕು. ಕುಟುಂಬ ಯಾವುದೆಂದು ಹೇಳುವ ಹಕ್ಕು ನೌಕರನದಾಗಬೇಕು, ಮದುವೆಯ ಪತ್ರವಿಲ್ಲದ ಸಂಗಾತಿಯೂ ಸಾಕಿದ ಚಿಕ್ಕಮ್ಮನೂ ಅದರೊಳಗೆ ಬರಬೇಕು. ಸಾವಿಗಾಗಿ ಹೋದವರ ವೀಸಾ ಅರ್ಜಿ ರದ್ದಾಗಬಾರದು. ಇವು ಕನ್ನಡಿಗರ ಬೇಡಿಕೆಗಳಷ್ಟೇ ಅಲ್ಲ. ಫಿಲಿಪ್ಪೀನ್ಸಿನ ನರ್ಸು, ಘಾನಾದ ಚಾಲಕ, ಪೋಲೆಂಡಿನ ಗಾರೆಯವನು ಎಲ್ಲರೂ ಕೈಗೂಡಿಸಬಲ್ಲ ಬೇಡಿಕೆಗಳು. ಅವುಗಳನ್ನು ಕೇಳುವ ಜಾಗ ಕಾರ್ಮಿಕ ಸಂಘ. ವೃತ್ತಿಪರರೆಂಬ ಹಮ್ಮಿನಲ್ಲಿ ಸಂಘಗಳಿಂದ ದೂರ ಉಳಿದ ಅನಿವಾಸಿ ಕನ್ನಡಿಗರು ಈ ವಿಷಯಕ್ಕಾದರೂ ಅದರ ಬಾಗಿಲು ತಟ್ಟಬೇಕಾಗಿದೆ.

ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ರಜೆಯ ಅರ್ಜಿಗೆ ಸಹಿ ಹಾಕುವ ಹುದ್ದೆಗಳಲ್ಲಿ ಈಗ ಕನ್ನಡಿಗರೂ ಇದ್ದಾರೆ. ಹನ್ನೊಂದು ದಿನ ಎಂದರೇನೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸಬಲ್ಲ ಕನ್ನಡ ಕೂಟಗಳು ತುರ್ತು ಟಿಕೆಟ್ಟಿಗೊಂದು ನಿಧಿಯನ್ನು ಕಟ್ಟಬಲ್ಲವು. ಹೋಗಲಾಗದೆ ಉಳಿದವರ ಮನೆಗೆ ಆ ಸಂಜೆ ಅನ್ನ ಸಾರಿನ ಡಬ್ಬಿ ಒಯ್ದು, ಏನನ್ನೂ ಹೇಳದೆ ಒಂದು ಗಂಟೆ ಕೂತು ಬರಬಲ್ಲವು, ಜಾತಿ ಧರ್ಮ ಕೇಳದೆ.

ಜನವರಿಯ ಆ ಪ್ರಶ್ನೆ ಮುಂದಿನ ವರ್ಷವೂ ಬರುತ್ತದೆ. ‘ಅಮ್ಮ ಹೋದರು; ನನಗೆ ಇನ್ನೂ ಸ್ವಲ್ಪ ದಿನ ಬೇಕು’ ಎಂದು ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ ಹೇಳಲು ಆಗುವ ದಿನ, ಅದು ನಿಜವಾಗಿಯೂ ಸೌಜನ್ಯದ ಪ್ರಶ್ನೆಯಾಗುತ್ತದೆ.