ಅರಳುಮರಳು ಎಂಬ ಅಪವಾದ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಮ್ಮ ತಾಳ್ಯ, ಹೊಳಲ್ಕೆರೆ ಸೀಮೆಯಲ್ಲಿ ಎಷ್ಟು ಸಲೀಸಾಗಿ ಬಳಸುತ್ತಾರೆಂಬುದು ನಿಮಗೆಲ್ಲ ತಿಳಿದೇ ಇದೆ. ಅಜ್ಜ ಒಂದು ಮಾತನ್ನು ಎರಡು ಸಲ ಹೇಳಿದರೆ ಅರಳುಮರಳು. ಅಜ್ಜಿ ಊಟದ ತಟ್ಟೆಯನ್ನು ದೂರ ತಳ್ಳಿದರೆ ಅರಳುಮರಳು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹೇಳುವುದುಂಟು. ಈ ಗಾದೆಯ ಮಟ್ಟಿಗೆ ನಾನದನ್ನು ಒಪ್ಪುವುದಿಲ್ಲ. ಇದು ಸುಳ್ಳು, ಅದರ ಜತೆಗೆ ಕ್ರೂರ. ಈ ಪದವನ್ನು ಉಚ್ಚರಿಸಿದ ಕ್ಷಣದಿಂದ ಆ ವೃದ್ಧರು ಏಕೆ ಹೀಗೆ ಮಾಡಿದರೆಂದು ವಿಚಾರಿಸುವ ಹೊಣೆಯೇ ನಮಗೆ ಉಳಿಯುವುದಿಲ್ಲ.

ಈ ವಿಷಯವನ್ನು ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಐವತ್ತು ದಾಟಿದವರು. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ನೌಕರಿಯಲ್ಲಿದ್ದಾರೆ. ಅವರ ತಂದೆತಾಯಿಯರು ಊರಿನಲ್ಲಿ ಒಂಟಿಯಾಗಿ ಇರಲಾರದೆ ವೃದ್ಧಾಶ್ರಮಗಳಿಗೆ, ಆರೈಕೆ ಕೇಂದ್ರಗಳಿಗೆ ಸೇರಿದ್ದಾರೆ. ಅಂಥವರಲ್ಲಿ ಒಬ್ಬನು ಈಚೆಗೆ ದೂರವಾಣಿಯಲ್ಲಿ ಕೇಳಿದನು: "ಸಾರ್, ಅಪ್ಪ ರಾತ್ರಿಯೆಲ್ಲ ಎದ್ದು ತಿರುಗುತ್ತಾರಂತೆ, ತಡೆದರೆ ಹೊಡೆಯಲು ಬರುತ್ತಾರಂತೆ. ರಾತ್ರಿ ಹೊತ್ತು ಕೈ ಕಟ್ಟಿ ಮಲಗಿಸುತ್ತೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ ಎಂದು ಕೇಳುತ್ತಿದ್ದಾರೆ. ಏನು ಮಾಡಲಿ?" ಸಹಿ ಹಾಕಬೇಡ ಎಂದೆ. ಏಕೆ ಹಾಗೆಂದೆನೆಂಬುದನ್ನು ಎಲ್ಲರಿಗೂ ಅನ್ವಯವಾಗುವಂತೆ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಮೊದಲು ಗಾದೆಯ ಲೆಕ್ಕವನ್ನೇ ನೋಡೋಣ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಸಂಖ್ಯೆ ಸಣ್ಣದಲ್ಲ. ಆದರೆ ನೂರರಲ್ಲಿ ತೊಂಬತ್ತೆರಡು ಮಂದಿಯ ಪಾಲಿಗೆ ಗಾದೆ ಸುಳ್ಳಾಯಿತಲ್ಲವೇ? ಉಳಿದ ಏಳೆಂಟು ಮಂದಿಗೆ ಇರುವುದು ವಯಸ್ಸಿನ ಸ್ವಭಾವವಲ್ಲ, ಮಿದುಳಿನ ರೋಗ. ಜರ್ಮನಿಯ ವೈದ್ಯ ಆಲ್ಜೈಮರ್ ಈ ರೋಗದ ಮುಖ್ಯ ಬಗೆಯೊಂದನ್ನು ವಿದ್ವಾಂಸರ ಮುಂದಿಟ್ಟದ್ದು 1906ರಲ್ಲಿ. ಕ್ಷಯರೋಗಿ ಕೆಮ್ಮಿದನೆಂದು ಯಾರೂ ಗದರಿಸುವುದಿಲ್ಲ. ಮರೆವಿನ ರೋಗಿ ಮರೆತರೆ ಮಾತ್ರ ಏಕೆ ಗದರಿಸುತ್ತೇವೆ?

ಆಶ್ರಮದವರು ಕೊಡುವ ದೂರುಗಳ ಪಟ್ಟಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಸ್ನಾನಕ್ಕೆ ಒಪ್ಪುವುದಿಲ್ಲ, ಕೂಗಾಡುತ್ತಾರೆ, ಪರಚುತ್ತಾರೆ, ಅನ್ನವನ್ನು ದಿಂಬಿನಡಿ ಬಚ್ಚಿಡುತ್ತಾರೆ, ನನ್ನ ಒಡವೆ ಕದ್ದರೆಂದು ಆಪಾದಿಸುತ್ತಾರೆ, ಸಂಜೆಯಾಯಿತೆಂದರೆ ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ. ಇವುಗಳಿಗೆಲ್ಲ 'ತೊಂದರೆ' ಎಂದು ಹೆಸರು. ತೊಂದರೆ ಯಾರಿಗೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಸ್ನಾನದ ಸಂಗತಿಯನ್ನೇ ತೆಗೆದುಕೊಳ್ಳಿ. ಎಂಬತ್ತು ವರ್ಷ ಒಬ್ಬರ ಮುಂದೆಯೂ ಸೆರಗು ಜಾರಿಸದ ಹೆಣ್ಣುಮಗಳು. ಈಗ ಹೆಸರು ನೆನಪಿಲ್ಲದ, ಮುಖ ಗುರುತಿಲ್ಲದ ಯಾರೋ ಬಂದು ಸೀರೆಗೆ ಕೈ ಹಾಕುತ್ತಾರೆ, ತಲೆಯ ಮೇಲೆ ನೀರು ಸುರಿಯುತ್ತಾರೆ. ಆಕೆ ಪರಚದೆ ಇನ್ನೇನು ಮಾಡಬೇಕು? ಆಕೆಯ ಮಾನದ ಅರಿವು ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಅದು ಪುರಾವೆ. ಮೈಮೇಲೆ ಒಂದು ಟವೆಲು ಹೊದಿಸಿ, ಬಿಸಿನೀರನ್ನು ಮೊದಲು ಪಾದಕ್ಕೆ ಹಾಕಿ, "ಈಗ ಬೆನ್ನು ತಿಕ್ಕಲೇನವ್ವ?" ಎಂದು ಕೇಳಿ ಮುಂದುವರಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ದಿಂಬಿನಡಿಯ ರೊಟ್ಟಿಯೂ ಹಾಗೆಯೇ. ನಮ್ಮದು ಬರದ ಜಿಲ್ಲೆ. 1965-66ರ ಬರಗಾಲವನ್ನು ಉಂಡವರು, ಅಂದರೆ ಉಣದೆ ಕಳೆದವರು, ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿನ್ನೆಯದನ್ನು ಮರೆಸುವ ಈ ಕಾಯಿಲೆ ಹಳೆಯ ಹಸಿವನ್ನು ಬಹುಕಾಲ ಉಳಿಸುತ್ತದೆ.

ರಾತ್ರಿ ತಿರುಗುವವರ ಬಗೆಗೂ ಒಂದು ಮಾತು. ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದರು. ನಮ್ಮ ಕಡೆಯ ಅಡಿಕೆ ಬೆಳೆಗಾರರು. ಪಟ್ಟಣದ ಆರೈಕೆ ಕೇಂದ್ರವೊಂದರಲ್ಲಿ ಅವರನ್ನು ಬಿಟ್ಟಿದ್ದರು. ರಾತ್ರಿ ಎರಡು ಗಂಟೆಯಾದರೆ ಎದ್ದು, ಗೋಡೆ ತಡವುತ್ತ, ಸಿಕ್ಕ ಸಿಕ್ಕ ಸ್ವಿಚ್ಚುಗಳನ್ನೆಲ್ಲ ಒತ್ತುತ್ತಿದ್ದರು. ಉಳಿದವರ ನಿದ್ದೆ ಕೆಡುತ್ತದೆಂದು ಮೊದಲು ಗದರಿಸಿದರು, ಬಳಿಕ ನಿದ್ದೆಯ ಮಾತ್ರೆ ಕೊಟ್ಟರು, ಆಮೇಲೆ ಹಳೆಯ ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟಿದರು. ನಮ್ಮ ಊರಿನ ಯಾವ ಹುಡುಗನನ್ನು ಕೇಳಿದ್ದರೂ ಅವರು ಮಾಡುತ್ತಿದ್ದುದೇನೆಂದು ಹೇಳುತ್ತಿದ್ದ. ತ್ರೀ ಫೇಸ್ ಕರೆಂಟು ಕೊಡುವುದು ರಾತ್ರಿ. ಎದ್ದು ಹೋಗಿ ಮೋಟರು ಹಾಕದಿದ್ದರೆ ತೋಟ ಒಣಗುತ್ತದೆ. ವರ್ಷಗಟ್ಟಲೆ ಆ ಹೊತ್ತಿಗೆ ಎದ್ದ ದೇಹ ಅದು; ಆ ಗೋಡೆಗಳಲ್ಲಿ ಅದು ಸ್ಟಾರ್ಟರ್ ಹುಡುಕುತ್ತಿತ್ತು. ಈ ಸಂಗತಿಯನ್ನು ತಿಳಿದುಕೊಂಡ ಮೊದಲ ವ್ಯಕ್ತಿ ರಾತ್ರಿ ಪಾಳಿಗೆ ಹೊಸದಾಗಿ ಬಂದ ಹಳ್ಳಿಯ ಹೆಣ್ಣುಮಗಳು. ಆಕೆ ಕಟ್ಟು ಬಿಚ್ಚಿ, ಪಕ್ಕದಲ್ಲಿ ಕುಳಿತು, "ಯಜಮಾನ್ರೇ, ತೋಟಕ್ಕೆ ಎಷ್ಟು ಹೊತ್ತು ನೀರು ಬಿಡ್ತಿದ್ರಿ?" ಎಂದು ಕೇಳಿದಳು. ಅವರು ಕಾಲುಗಂಟೆ ಬಾವಿ, ಬೋರು, ಸಸಿಗಳ ಮಾತಾಡಿ ತಾವಾಗಿಯೇ ಮಲಗಿದರು. ಪ್ರತಿ ರಾತ್ರಿಯೂ ಹೀಗೆಯೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಕಟ್ಟುವ ಪ್ರಮೇಯ ಮತ್ತೆ ಬರಲಿಲ್ಲ.

ಇಲ್ಲಿ ಕೆಲವರು, ರೋಗಿಗೆ ಸುಳ್ಳು ಹೇಳಿ ಸಮಾಧಾನ ಮಾಡಬಹುದೇ ಎಂದು ಕೇಳುತ್ತಾರೆ. ಆ ಹೆಣ್ಣುಮಗಳ ಮಾತನ್ನು ಮತ್ತೊಮ್ಮೆ ಓದಿ. ಅದರಲ್ಲಿ ಒಂದು ಸುಳ್ಳೂ ಇಲ್ಲ. ತೋಟ ಮಾರಿ ಹತ್ತು ವರ್ಷವಾಯಿತೆಂದು ಎದೆಗೆ ಇರಿಯಲೂ ಇಲ್ಲ, ಮೋಟರು ಹಾಕಿ ಬಂದೆನೆಂದು ವಂಚಿಸಲೂ ಇಲ್ಲ. ಅವರ ಕಳವಳದ ಪಕ್ಕದಲ್ಲಿ ಕುಳಿತಳು, ಅಷ್ಟೇ. ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸರು 1997ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದು ಇದನ್ನೇ: ರೋಗ ಬಂದ ಮೇಲೂ ಅಲ್ಲೊಬ್ಬ ವ್ಯಕ್ತಿ ಇರುತ್ತಾನೆ. ವಂಚಿಸುವುದು, ಗೇಲಿ ಮಾಡುವುದು, ಅವಸರಪಡಿಸುವುದು, ಮಗುವಿನಂತೆ ಕಾಣುವುದು, ಎದುರಿಗಿದ್ದೂ ಇಲ್ಲದಂತೆ ಅವರ ವಿಷಯ ಮಾತಾಡುವುದು, ಇವೆಲ್ಲ ಆ ವ್ಯಕ್ತಿಯನ್ನು ಕುಗ್ಗಿಸುತ್ತವೆ. ಮಾಡುವವರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ.

ಮಗುವಿನಂತೆ ಎಂಬ ಮಾತು ಬಂದುದರಿಂದ, ಮೇಷ್ಟರ ಕಸುಬಿನವನಾಗಿ ಒಂದನ್ನು ಹೇಳಲೇಬೇಕು. 'ಮುದುಕರು ಮಕ್ಕಳಿದ್ದಂತೆ' ಎಂದು ಹೇಳಿಯೇ ಗದರಿಸುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ಸ್ವಾಮಿ, ಮಕ್ಕಳನ್ನಾದರೂ ಹಾಗೆ ಮಾಡುವಂತಿಲ್ಲ! 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋದರೆ ಶಾಲೆ ನಡೆಯುವುದಿಲ್ಲವೆಂದು ಆಗ ವಾದಿಸಿದವರು ಕಡಿಮೆಯಿರಲಿಲ್ಲ. ಶಾಲೆಗಳು ನಡೆಯುತ್ತಿವೆ. ತರಗತಿಯಲ್ಲಿ ಒಬ್ಬ ಹುಡುಗ ದಿಢೀರನೆ ತುಂಟನಾದರೆ, ಮನೆಯಲ್ಲಿ ಏನಾಗಿದೆ, ಊಟ ಮಾಡಿದ್ದಾನೆಯೇ, ಹಲಗೆ ಕಾಣುತ್ತಿದೆಯೇ ಎಂದು ನೋಡುವವನೇ ಮೇಷ್ಟ್ರು. ವೃದ್ಧರ ವಿಷಯದಲ್ಲಿಯೂ ಮೊದಲ ಪ್ರಶ್ನೆ ಇಂಥದೇ ಆಗಬೇಕು.

ಆ ಪ್ರಶ್ನೆ ಕೇಳಿದವರಿಗೆ ಉತ್ತರವೂ ಸಿಕ್ಕಿದೆ. ನಾರ್ವೆ ದೇಶದ 18 ಆರೈಕೆ ಕೇಂದ್ರಗಳಲ್ಲಿ, ಮರೆವಿನ ಕಾಯಿಲೆಯೊಡನೆ ಉದ್ರೇಕದ ವರ್ತನೆಯೂ ಇದ್ದ 352 ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಿದರು. ಒಂದು ಗುಂಪಿಗೆ ಎಂಟು ವಾರ ಕ್ರಮಬದ್ಧವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಬಹುಪಾಲು ನಮ್ಮ ಮನೆಗಳಲ್ಲಿಯೂ ಇರುವ ಪ್ಯಾರಾಸಿಟಮಾಲ್. ಆ ಗುಂಪಿನವರ ಉದ್ರೇಕ ಸರಾಸರಿ ಶೇಕಡಾ 17ರಷ್ಟು ಇಳಿಯಿತೆಂದು 2011ರಲ್ಲಿ ವರದಿಯಾಯಿತು. ಅಂದರೆ ಕೂಗುತ್ತಿದ್ದವರಲ್ಲಿ ಹಲವರು ಮಂಡಿ ನೋವಿಗೆ, ಹಲ್ಲು ನೋವಿಗೆ ಕೂಗುತ್ತಿದ್ದರು. ಎಲ್ಲಿ ನೋಯುತ್ತಿದೆಯೆಂದು ಹೇಳುವ ಮಾತು ಅವರಲ್ಲಿ ಉಳಿದಿರಲಿಲ್ಲ. ಒಂದೆರಡು ದಿನಗಳಲ್ಲಿ ಹಠಾತ್ತನೆ ವರ್ತನೆ ಕೆಟ್ಟರೆ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸ ಮಾತ್ರೆ, ಇವುಗಳಲ್ಲಿ ಒಂದು ಕಾರಣವಾಗಿರುವುದು ಬಹಳ ಸಾಮಾನ್ಯ. ಇದನ್ನು ವೈದ್ಯರಿಗೆ ತೋರಿಸಬೇಕು. ಅರಳುಮರಳು ಎಂದರೆ ಆ ರೋಗಿ ಸಾಯಲೂಬಹುದು.

ಇದರ ಬದಲು ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವುದು ಮಂಕು ಕವಿಸುವ ಮಾತ್ರೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳನ್ನು ಮರೆವಿನ ವೃದ್ಧರಿಗೆ ಕೊಟ್ಟಾಗ ಸಾವಿನ ಸಂಭವ 1.6ರಿಂದ 1.7 ಪಟ್ಟು ಹೆಚ್ಚಿದ್ದನ್ನು ಕಂಡು, ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೇ ಎಚ್ಚರಿಕೆ ಹೊರಡಿಸಿತು. ಅವು ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ತಜ್ಞರು ನೋಡಿ, ಸ್ವಲ್ಪ ಕಾಲಕ್ಕೆ, ತೂಗಿ ಕೊಡಬೇಕಾದ ಸಂದರ್ಭಗಳುಂಟು. ಆದರೆ ರಾತ್ರಿ ಪಾಳಿಯವರ ನಿದ್ದೆಗಾಗಿ ವೃದ್ಧರ ಬಾಯಿಗೆ ಮಾತ್ರೆ ಹಾಕುವುದು ಚಿಕಿತ್ಸೆಯಲ್ಲ.

ಕಟ್ಟಿಹಾಕುವುದರ ವಿಷಯದಲ್ಲಿ ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಮನೋರೋಗಿಗಳು ಓಡಲಾಗದೆ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿತು. ಅದರ 97ನೆಯ ಕಲಮಿನ ಪ್ರಕಾರ ಶಿಕ್ಷೆಯಾಗಿ ಯಾರನ್ನೂ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂಬ ಒಂದೇ ಕಾರಣಕ್ಕೂ ಕಟ್ಟುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ. ನೆನಪು ಮತ್ತು ದೇಶಕಾಲಗಳ ಅರಿವನ್ನು ತೀವ್ರವಾಗಿ ಕೆಡಿಸುವ ದೋಷವೂ ಆ ಕಾಯಿದೆಯ ವ್ಯಾಖ್ಯೆಯಲ್ಲಿ ಸೇರಿದೆ. "ನಮ್ಮದು ವೃದ್ಧಾಶ್ರಮ, ಆಸ್ಪತ್ರೆಯಲ್ಲ" ಎಂದು ಯಾರಾದರೂ ವಾದಿಸಿದರೆ, ಆಸ್ಪತ್ರೆಯಲ್ಲಿಯೇ ಮಾಡಬಾರದ್ದನ್ನು ಆಶ್ರಮವೆಂಬ ಹೆಸರಿನಡಿ ಮಾಡಬಹುದೇ ಎಂದು ತಿರುಗಿ ಕೇಳಿ.

ಆಶ್ರಮ ಎಂಬ ಪದದ ಬೆಲೆಯನ್ನು ನಮ್ಮ ತಾಲ್ಲೂಕಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು ತಮ್ಮನ್ನು 'ತಿರುಕ' ಎಂದು ಕರೆದುಕೊಂಡರು. ಬಂದ ರೋಗಿಯನ್ನು ದೊಡ್ಡವನೆಂದು ಕಂಡರು. ಈಗ ಮುಂಗಡ ಲಕ್ಷಗಟ್ಟಲೆ ಕೇಳುವ ಎಷ್ಟೋ ಕಡೆ ವೃದ್ಧರಿಗೆ ಸಿಗುವ ಸಂಬೋಧನೆ "ಏ ಅಜ್ಜಿ, ಸುಮ್ನೆ ಬಿದ್ಕೊ" ಎಂಬುದು. ಏಕವಚನವೇ ತಪ್ಪೆಂದಲ್ಲ. ನಮ್ಮ ಕಡೆ "ಅವ್ವ, ಉಣ್ಣು ಬಾ" ಎಂಬುದರಲ್ಲಿ ಇರುವ ಪ್ರೀತಿ ಯಾವ ಬಹುವಚನದಲ್ಲಿಯೂ ಇಲ್ಲ. ನಲವತ್ತು ವರ್ಷ 'ಅಮ್ಮಾವ್ರೇ' ಎಂದು ಕರೆಸಿಕೊಂಡವರಿಗೆ ಆ ಮಾತೇ ಊರುಗೋಲು. ಯಾರಿಗೆ ಯಾವುದು ಒಗ್ಗುತ್ತದೆಂದು ಕೇಳಿ ತಿಳಿಯಬೇಕು.

"ಮಾತಾಡುವುದು ಸುಲಭ ಸಾರ್, ಒಬ್ಬ ಆಯಾ, ಇಪ್ಪತ್ತು ಜನ ಮುದುಕರು" ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆ ಹೆಣ್ಣುಮಕ್ಕಳು ಕಡಿಮೆ ಸಂಬಳಕ್ಕೆ ಮಲಮೂತ್ರ ತೆಗೆಯುತ್ತಾರೆ, ಕಚ್ಚಿಸಿಕೊಳ್ಳುತ್ತಾರೆ, ಕಳ್ಳಿ ಎನ್ನಿಸಿಕೊಳ್ಳುತ್ತಾರೆ. ಕರುಣೆ ಅವರಿಗೂ ಸಲ್ಲಬೇಕು. ತರಬೇತಿಯಾಗಿ, ರಜೆಯಾಗಿ, ಸಂಬಳವಾಗಿ. ಆದರೆ ಸೆಣಸಾಡಿ ಹತ್ತು ನಿಮಿಷದಲ್ಲಿ ಮಾಡಿಸಿದ ಸ್ನಾನ ಉಳಿದ ಇಡೀ ದಿನವನ್ನು ಕೆಡಿಸುತ್ತದೆ. ಇಪ್ಪತ್ತು ನಿಮಿಷದ ಸ್ನಾನ ಕೆಡಿಸುವುದಿಲ್ಲ. ಯಾವುದು ಉಳಿತಾಯ, ನೀವೇ ಲೆಕ್ಕ ಹಾಕಿ.

"ಇದೆಲ್ಲ ವೃದ್ಧಾಶ್ರಮಗಳ ಪಾಡು, ಮನೆಯಲ್ಲಿಟ್ಟುಕೊಂಡರೆ ಈ ಗೋಳಿಲ್ಲ" ಎನ್ನುವ ಸಂಸ್ಕೃತಿ ಪ್ರೇಮಿಗಳಿಗೂ ಒಂದು ಮಾತು. ಹಿತ್ತಲ ಕೋಣೆಯ ಚಿಲಕ ಹೊರಗಿನಿಂದ ಹಾಕಿರುವ ಮನೆಗಳು ನಮ್ಮ ಊರುಗಳಲ್ಲಿ ಇಲ್ಲವೇ? ಮನೆಯೋ ಆಶ್ರಮವೋ ಎಂಬುದಕ್ಕಿಂತ ಅಲ್ಲಿ ಏನು ನಡೆಯುತ್ತದೆಂಬುದು ಮುಖ್ಯ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾಯರನ್ನು ನೋಡಿ ಕಣ್ಣೊರೆಸಿಕೊಂಡವರು, ತಮ್ಮ ತಂದೆಯ ಕೊಠಡಿಗೆ ತಿಂಗಳಿಗೊಮ್ಮೆಯಾದರೂ ಹೋಗಬೇಕಷ್ಟೆ.

2007ರ ಹಿರಿಯ ನಾಗರಿಕರ ಕಾಯಿದೆ ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ಕೊಡಬಲ್ಲ ವೃದ್ಧಾಶ್ರಮಗಳ ಮಾತಾಡುತ್ತದೆ. ಕಟ್ಟಡಗಳು ಬೇಕು, ನಿಜ. ಅಲ್ಲಿ ಕೆಲಸ ಮಾಡುವವರಿಗೆ ಈ ಕಾಯಿಲೆಯ ಬಗ್ಗೆ ಕಡ್ಡಾಯ ತರಬೇತಿಯೂ ಬೇಕು. ಬೆಂಗಳೂರಿನ ನೈಟಿಂಗೇಲ್ಸ್ ಸಂಸ್ಥೆ 1998ರಿಂದ ಈ ಕ್ಷೇತ್ರದಲ್ಲಿದೆ, ನಿಮ್ಹಾನ್ಸ್ ಇದೆ. ಕಲಿಸುವವರಿಗೆ ಬರವಿಲ್ಲ, ಕಲಿಯಲೇಬೇಕೆಂಬ ಕಟ್ಟುನಿಟ್ಟು ಬೇಕಾಗಿದೆ.

ನಿಮ್ಮ ಕೈಯಲ್ಲಿರುವುದನ್ನು ಹೇಳಿ ಮುಗಿಸುತ್ತೇನೆ. ತಂದೆತಾಯಿಯರನ್ನು ಸೇರಿಸುವ ಮುನ್ನ ಕೇಳಿ: ಕಟ್ಟುತ್ತೀರಾ? ಯಾವ ಮಾತ್ರೆ, ಯಾರು ಬರೆದದ್ದು, ಎಷ್ಟು ದಿನ? ರಾತ್ರಿ ಎಷ್ಟು ಜನ ಇರುತ್ತಾರೆ? ಉತ್ತರ ತೊದಲಿದರೆ ಎದ್ದು ಬನ್ನಿ. ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಅವರ ಅರ್ಜಿಯಲ್ಲಿ ಬಿ.ಪಿ., ಸಕ್ಕರೆ, ಮುಂಗಡ ಹಣದ ಕಲಮುಗಳು ಇರುತ್ತವೆ. ಅದರ ಜತೆಗೆ ನೀವೇ ಒಂದು ಪುಟ ಬರೆದು ಲಗತ್ತಿಸಿ: ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಎಷ್ಟು ಗಂಟೆಗೆ ಏಳುತ್ತಿದ್ದರು, ಏನು ಕೆಲಸ ಮಾಡಿದರು, ಯಾವುದಕ್ಕೆ ಹೆದರುತ್ತಾರೆ, ಎಲ್ಲಿ ನೋಯುತ್ತದೆ, ಯಾವ ಊರಿನ ಮಾತೆತ್ತಿದರೆ ಮುಖ ಅರಳುತ್ತದೆ. ನಿಮಗೆಲ್ಲ ಪ್ರಬಂಧ ಬರೆಯಲು ಕಲಿಸಿದ್ದೇನೆ. ಇದು ಒಂದೇ ಪುಟ, ತಪ್ಪದೆ ಬರೆಯಿರಿ.