ರಾಜ್ಯ ದಾಟಿದ ಹಳೆಯ ಕಾರಿನ ಪಾಡು

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮು ನಾಗರಿಕನಿಗೆ ಒಂದು ಭರವಸೆ ನೀಡುತ್ತದೆ. ಯಾವುದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ದೇಶದ ಬೇರೆಡೆ ಮತ್ತೆ ನೋಂದಾಯಿಸಬೇಕಾಗಿಲ್ಲ. ಆ ನೋಂದಣಿ ಪತ್ರ ಭಾರತದಾದ್ಯಂತ ಊರ್ಜಿತ. ಮರುಕಲಮಿಗೆ ಬರುವಷ್ಟರಲ್ಲಿ ಈ ಔದಾರ್ಯಕ್ಕೆ ಗಡುವು ಬೀಳುತ್ತದೆ. ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮತ್ತೊಂದು ರಾಜ್ಯದಲ್ಲಿ ಇರಿಸಿಕೊಂಡರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು ಎನ್ನುತ್ತದೆ 47ನೇ ಕಲಮು. ಈ ಎರಡು ಕಲಮುಗಳ ನಡುವಿನ ಕಿರಿದಾದ ಓಣಿಯಲ್ಲಿ ಪ್ರತಿವರ್ಷ ಸಿಕ್ಕಿಕೊಳ್ಳುವವರು ಯಾರೆಂದು ನೋಡಿದರೆ ವರ್ಗಾವಣೆಗೊಂಡ ನೌಕರರು, ನಿವೃತ್ತರಾಗಿ ತವರಿಗೆ ಮರಳಿದವರು, ಮಕ್ಕಳಿರುವ ಊರಿಗೆ ನೆಲೆ ಬದಲಿಸಿದ ವೃದ್ಧ ದಂಪತಿಗಳು ಕಾಣುತ್ತಾರೆ. ಕಾರು ಹಳೆಯದಾಗಿದ್ದು, ಅದರಲ್ಲಿ ಒಂದಿಷ್ಟು ಮಾರ್ಪಾಡೂ ಆಗಿದ್ದರೆ ಅವರ ಪಾಡು ಹೇಳತೀರದು.

ಈ ಗೋಜಲಿನ ಮೂಲ ಸಂವಿಧಾನದಲ್ಲಿಯೇ ಇದೆ. ಏಳನೇ ಅನುಸೂಚಿಯ ರಾಜ್ಯಪಟ್ಟಿಯ 57ನೇ ನಮೂದು ವಾಹನ ತೆರಿಗೆಯನ್ನು ರಾಜ್ಯಗಳ ಕೈಗೆ ಕೊಟ್ಟಿದೆ. ವಾಹನದ ನೋಂದಣಿ, ಸುರಕ್ಷತೆ, ಮಾರ್ಪಾಡು ಇತ್ಯಾದಿಗಳು ಕೇಂದ್ರದ ಕಾಯ್ದೆಗೆ ಒಳಪಟ್ಟಿವೆ. ಹೀಗಾಗಿ ಪ್ರಾದೇಶಿಕ ಸಾರಿಗೆ ಕಚೇರಿಯ ಕಿಟಕಿಯ ಮುಂದೆ ನಿಂತ ಅರ್ಜಿದಾರ ಏಕಕಾಲಕ್ಕೆ ಇಬ್ಬರು ಯಜಮಾನರಿಗೆ ಉತ್ತರ ಹೇಳಬೇಕಾಗುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ಗಡಿಯ ತಪಾಸಣಾ ಠಾಣೆಗಳು ತೆರವಾದವು. ಒಂದು ಲಾರಿ ಸೋಪು ಇಂದು ಕೊಲ್ಹಾಪುರದಿಂದ ಬೆಳಗಾವಿಗೆ ತಡೆಯಿಲ್ಲದೆ ಬರುತ್ತದೆ. ಬಳಸಿದ ಕಾರೊಂದು ತನ್ನ ಮಾಲೀಕನೊಡನೆ ಅದೇ ದಾರಿಯಲ್ಲಿ ನೆಲೆಸಲು ಬಂದರೆ ಮಾತ್ರ ಹಳೆಯ ಕಾಲದ ಸುಂಕದ ಕಟ್ಟೆ ಇನ್ನೂ ನಿಂತಿದೆ.

ಕರ್ನಾಟಕದಲ್ಲಿ ಹೊಸ ಕಾರಿನ ಆಜೀವ ತೆರಿಗೆ ಬೆಲೆಗೆ ಅನುಗುಣವಾಗಿ ಶೇ 13ರಿಂದ ಶೇ 18ರವರೆಗೆ ಇದೆ. ಎಂಟು ಲಕ್ಷ ರೂಪಾಯಿಯ ಕಾರಿಗೆ ಶೇ 14ರಂತೆ 1,12,000 ರೂಪಾಯಿ, ಉಪಕರ ಬೇರೆ. ಹೊರರಾಜ್ಯದಿಂದ ಬಂದ ಹಳೆಯ ಕಾರಿಗೆ ವಯಸ್ಸು ನೋಡಿ ಈ ಮೊತ್ತವನ್ನು ಇಳಿಸುತ್ತಾರೆ ಎನ್ನುವುದು ನಿಜ. ಆದರೆ ಮಾಲೀಕ ಈಗಾಗಲೇ ಮೂಲ ರಾಜ್ಯಕ್ಕೆ ಆಜೀವ ತೆರಿಗೆಯನ್ನು ಮುಂಗಡವಾಗಿ ಕಟ್ಟಿರುತ್ತಾನೆ. ಅದರಲ್ಲಿ ಉಳಿದ ವರ್ಷಗಳ ಪಾಲನ್ನು ಹಿಂಪಡೆಯಲು ಮೊದಲು ಹೊಸ ರಾಜ್ಯದಲ್ಲಿ ತೆರಿಗೆ ಕಟ್ಟಿ, ನೋಂದಣಿ ಮಾಡಿಸಿ, ಆ ದಾಖಲೆಗಳೊಂದಿಗೆ ನೂರಾರು ಮೈಲಿ ದೂರದ ಹಳೆಯ ಕಚೇರಿಗೆ ಅರ್ಜಿ ಹಾಕಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ವಿಚಿತ್ರವಾಗಿ ತೋರುತ್ತದೆ. ರಸ್ತೆ ಬಳಕೆಯ ಪ್ರತಿಫಲವೆಂದು ಸಮರ್ಥಿಸಲಾಗುವ ತೆರಿಗೆಯನ್ನು, ಬಳಕೆ ಆರಂಭವಾಗುವ ಮುನ್ನವೇ ಹದಿನೈದು ವರ್ಷಕ್ಕೆ ಗುತ್ತಿಗೆ ಹಿಡಿದಂತೆ ವಸೂಲು ಮಾಡಿ, ಬಳಕೆ ನಿಂತಾಗ ಬಾಕಿ ಹಣಕ್ಕೆ ಪ್ರಜೆಯೇ ಅಲೆಯಬೇಕೆನ್ನುವುದು ಯಾವ ತೆರಿಗೆ ತತ್ವಕ್ಕೂ ಹೊಂದುವುದಿಲ್ಲ.

ರಾಜ್ಯಗಳ ಕಡೆಯ ವಾದವನ್ನೂ ಕೇಳಬೇಕು. ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯಗಳು ಸ್ವತಂತ್ರವಾಗಿ ದರ ನಿಗದಿ ಮಾಡಬಲ್ಲ ಬಾಬುಗಳು ಬೆರಳೆಣಿಕೆಯಷ್ಟು ಉಳಿದಿವೆ: ಅಬಕಾರಿ, ಮುದ್ರಾಂಕ, ಪೆಟ್ರೋಲು, ವಾಹನ. ಪುದುಚೇರಿಯಲ್ಲಿ ತೆರಿಗೆ ಕಡಿಮೆಯೆಂದು ಅಲ್ಲಿನ ಹುಸಿ ವಿಳಾಸ ಕೊಟ್ಟು ಐಷಾರಾಮಿ ಕಾರು ನೋಂದಾಯಿಸಿ, ಬೆಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಓಡಿಸುವ ಧನಿಕರನ್ನು ತಡೆಯುವ ಹಕ್ಕು ಖಜಾನೆಗೆ ಇದೆ. ಆದರೆ ಆ ಬಲೆಗೆ ಬೀಳುವ ಮೀನು ಯಾವುದು? 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ವಿಧಿಸಿತ್ತು. ರಸ್ತೆಬದಿಯಲ್ಲಿ ತಡೆದು ನಿಲ್ಲಿಸಲಾದವರಲ್ಲಿ ಹೆಚ್ಚಿನವರು ನೌಕರಿಗಾಗಿ ಬಂದ ಸಾಮಾನ್ಯ ತರುಣರೇ ಆಗಿದ್ದರು. 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ತಿದ್ದುಪಡಿಯನ್ನು ರದ್ದುಪಡಿಸಿತು.

ಇನ್ನು ಮಾರ್ಪಾಡಿನ ವಿಷಯ. 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ನನಗೆ ಆ ತೀರ್ಪಿನ ಬಗ್ಗೆ ತಕರಾರಿಲ್ಲ. ಚಾಸಿಸ್ ಕತ್ತರಿಸಿ, ಅಗಲದ ಚಕ್ರ ತೊಡಿಸಿ, ಜೀಪನ್ನು ರಾಕ್ಷಸನನ್ನಾಗಿ ಮಾಡುವ ಶೋಕಿಗೆ ಪಾದಚಾರಿ ಬೆಲೆ ತೆರಬೇಕಾಗಿಲ್ಲ. ಆದರೆ ಕಾಯ್ದೆಯೇ ಅನುಮತಿಸಿದ ಮಾರ್ಪಾಡುಗಳೂ ಇವೆ: ಅನುಮೋದಿತ ಕಿಟ್ ಬಳಸಿ ಸಿಎನ್‌ಜಿ ಅಥವಾ ಎಲ್‌ಪಿಜಿಗೆ ಪರಿವರ್ತನೆ, ಅಂಗವಿಕಲರ ಅನುಕೂಲಕ್ಕೆ ಅಳವಡಿಸಿದ ಕೈ ನಿಯಂತ್ರಣ ಮುಂತಾದವು. ಇವನ್ನು ಮಾಡಿಸಿಕೊಂಡವನು ನೋಂದಣಿ ಪತ್ರದಲ್ಲಿ ನಮೂದು ಮಾಡಿಸಿದರೆ ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ.

ಕೇಂದ್ರ ಸೇವೆಯಲ್ಲಿ ಮಹಾರಾಷ್ಟ್ರದಲ್ಲಿದ್ದಾಗ 2011ರಲ್ಲಿ ನಾನು ಒಂದು ಪೆಟ್ರೋಲ್ ಕಾರು ಕೊಂಡಿದ್ದೆ. ಎರಡು ವರ್ಷಗಳ ಬಳಿಕ ಅದಕ್ಕೆ ಅನುಮೋದಿತ ಸಿಎನ್‌ಜಿ ಕಿಟ್ ಹಾಕಿಸಿ, ಶುಲ್ಕ ಕಟ್ಟಿ, ನೋಂದಣಿ ಪತ್ರದಲ್ಲಿ ಎರಡೂ ಇಂಧನಗಳನ್ನು ನಮೂದು ಮಾಡಿಸಿದ್ದೆ. ನಿವೃತ್ತಿಯ ನಂತರ, 2022ರಲ್ಲಿ ಊರಿಗೆ ಮರಳುವಾಗ 28ನೇ ನಮೂನೆಯ ನಿರಾಕ್ಷೇಪಣಾ ಪತ್ರವನ್ನೂ ತಂದೆ. ಅದರಲ್ಲಿ ಇಂಧನದ ಅಂಕಣದಲ್ಲಿ ‘ಪೆಟ್ರೋಲ್’ ಎಂದಷ್ಟೇ ಮುದ್ರಿತವಾಗಿತ್ತು. ಇಲ್ಲಿನ ತನಿಖಾಧಿಕಾರಿ ಬಾನೆಟ್ ತೆರೆದು ನೋಡಿ, ಕಾಗದಕ್ಕೂ ಕಾರಿಗೂ ತಾಳೆಯಾಗುತ್ತಿಲ್ಲ ಎಂದರು. ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಒತ್ತಡ ಪರೀಕ್ಷೆಯ ಪ್ರಮಾಣಪತ್ರ ನನ್ನಲ್ಲಿತ್ತು. ಅದನ್ನು ಕೇಳಿದ್ದು ಸರಿಯೇ. ಕಿಟ್ ಅಳವಡಿಸಿದವರ ಮೂಲ ಪ್ರಮಾಣಪತ್ರವೂ ಬೇಕೆಂದರು. ಅದನ್ನು ನಮೂದು ಮಾಡಿಸುವಾಗಲೇ ಹಳೆಯ ಕಚೇರಿಗೆ ಒಪ್ಪಿಸಿಯಾಗಿತ್ತು; ಅಳವಡಿಸಿದ ಅಂಗಡಿ ಎಂದೋ ಮುಚ್ಚಿತ್ತು. ಎರಡು ಬಾರಿ ಮಹಾರಾಷ್ಟ್ರಕ್ಕೆ ಹೋಗಿಬಂದ ಮೇಲೆ ತಿದ್ದಿದ ಪತ್ರ ದೊರೆಯಿತು. ಈ ನಡುವೆ ಆವರಣದಲ್ಲಿದ್ದ ಮಧ್ಯವರ್ತಿಯೊಬ್ಬರು ಸರಳೋಪಾಯ ಸೂಚಿಸಿದ್ದರು: ಕಿಟ್ ಬಿಚ್ಚಿಟ್ಟು ತಪಾಸಣೆಗೆ ತನ್ನಿ, ಸಂಖ್ಯೆ ಸಿಕ್ಕ ಮೇಲೆ ಮತ್ತೆ ಹಾಕಿಸಿಕೊಳ್ಳಿ, ಯಾರೂ ಕೇಳುವುದಿಲ್ಲ. ಆತನ ಮಾತಿನಲ್ಲಿ ದುರುದ್ದೇಶವೇನೂ ಇರಲಿಲ್ಲ; ಅನುಭವವಿತ್ತು.

ನನ್ನ ಚಿಂತೆ ಇರುವುದು ಇಲ್ಲಿಯೇ. ಮಾರ್ಪಾಡನ್ನು ಘೋಷಿಸಿದವನಿಗೆ ಆರು ತಿಂಗಳ ಅಲೆದಾಟ, ಬಚ್ಚಿಟ್ಟವನಿಗೆ ಒಂದೇ ದಿನದ ಕೆಲಸ ಎಂದಾದರೆ ಯಾವ ಬಗೆಯ ವಾಹನಗಳು ದಾಖಲೆಯಿಂದ ಹೊರಗುಳಿಯುತ್ತವೆ ಎಂದು ಊಹಿಸಲು ಪಾಂಡಿತ್ಯ ಬೇಡ. ಪರೀಕ್ಷೆಯಾಗದ ಅನಿಲದ ಸಿಲಿಂಡರ್ ಹಿಂದಿನ ಸೀಟಿನ ಬೆನ್ನಿಗಿರುತ್ತದೆ, ಅಲ್ಲಿ ಮಕ್ಕಳು ಕುಳಿತಿರುತ್ತಾರೆ. ಇಂಥ ಕಾರಿಗೆ ಅಪಘಾತವಾದರೆ ವಿಮಾ ಸಂಸ್ಥೆ ಘೋಷಿಸದ ಮಾರ್ಪಾಡನ್ನೇ ಮುಂದಿಟ್ಟು ಪರಿಹಾರಕ್ಕೆ ತಕರಾರು ತೆಗೆಯುವುದು ಉಂಟು.

ನನ್ನಂಥವನು ಬೇಸತ್ತರೆ ಕಾರು ಮಾರಿಯಾನು. ಬಾಲ್ಯದ ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡು, ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ನಿಯಂತ್ರಿಸುವ ಕಾರಿನಲ್ಲಿ ಕಚೇರಿಗೆ ಹೋಗುವ ನನ್ನ ಪರಿಚಿತ ಬ್ಯಾಂಕ್ ಅಧಿಕಾರಿಣಿಗೆ ಆ ಆಯ್ಕೆಯಿಲ್ಲ. ಕಾಗದ ಇತ್ಯರ್ಥವಾಗುವವರೆಗೆ ಕಾರು ನಿಂತರೆ ಆಕೆಯೂ ಮನೆಯಲ್ಲಿ ನಿಲ್ಲಬೇಕು. 2019ರ ತಿದ್ದುಪಡಿಯು ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಅವಮಾನಕರ ಹೆಸರನ್ನು ತೆಗೆದು ‘ಅಡಾಪ್ಟೆಡ್ ವೆಹಿಕಲ್’ ಎಂದು ಕರೆದದ್ದು ಸ್ವಾಗತಾರ್ಹ. ಹಳೆಯ ಹೆಸರಿನ ಪತ್ರ ಹಿಡಿದು ಬಂದ ಆಕೆಗೆ, ಹೊಸ ಹೆಸರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಸಾಬೀತುಪಡಿಸಿ ಎಂದು ಹೇಳಲಾಯಿತು.

2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ‘ಬಿಎಚ್’ ಸರಣಿ ಒಳ್ಳೆಯ ಹೆಜ್ಜೆ. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರಾಯಿತು, ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು. ಆದರೆ ಅದು ಸರ್ಕಾರಿ, ಸಾರ್ವಜನಿಕ ವಲಯದ ನೌಕರರಿಗೆ ಮತ್ತು ನಾಲ್ಕಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿ ಹೊಂದಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಮೀಸಲು. ಗದಗದಿಂದ ಪುಣೆಗೆ ಹೋಗಿ ಅಂಗಡಿ ತೆರೆದವನು, ಸ್ವಂತ ವೃತ್ತಿಯ ವೈದ್ಯ, ಪಿಂಚಣಿದಾರ ಇವರೆಲ್ಲ ಹೊರಗೆ. ಎರಡು ವರ್ಷದ ಕಂತಿನ ಸೌಲಭ್ಯವನ್ನು ಬಯಸಿದ ಎಲ್ಲರಿಗೂ ಕೊಡುವುದರಿಂದ ಖಜಾನೆಗೆ ಕಾಲಾನುಕ್ರಮದಲ್ಲಿ ನಷ್ಟವಿಲ್ಲ. ಕೈಗೆ ಬರುವ ಹಣ ಮುಂದೂಡಲ್ಪಡುತ್ತದೆ, ಅಷ್ಟೆ. ರಾಜ್ಯಗಳ ಅಸಲಿ ಆಕ್ಷೇಪವೂ ಅದೇ.

ಅದುವರೆಗೆ ಮಾಡಬಹುದಾದ ಕೆಲಸಗಳಿವೆ. ಸಂವಿಧಾನದ ಸಮವರ್ತಿ ಪಟ್ಟಿಯ 35ನೇ ನಮೂದು ವಾಹನ ತೆರಿಗೆಯ ತತ್ವಗಳನ್ನು ರೂಪಿಸುವ ಅಧಿಕಾರವನ್ನು ಸಂಸತ್ತಿಗೂ ನೀಡಿದೆ. ಆ ಅಧಿಕಾರ ಬಳಸಿ, ಕಟ್ಟಿದ ತೆರಿಗೆಯ ಉಳಿಕೆ ಪಾಲು ರಾಜ್ಯದಿಂದ ರಾಜ್ಯಕ್ಕೆ ನೇರವಾಗಿ ಸಂದಾಯವಾಗುವಂತೆ ಮಾಡಬಹುದು. ಅಂತರರಾಜ್ಯ ಸರಕಿನ ತೆರಿಗೆಯಲ್ಲಿ ಅಂಥ ಲೆಕ್ಕ ತೀರುವಳಿ ಈಗಾಗಲೇ ನಡೆಯುತ್ತಿದೆ. ಒಂದು ರಾಜ್ಯದ ನೋಂದಣಿ ಅಧಿಕಾರಿ ಪರಿಶೀಲಿಸಿ ನಮೂದಿಸಿದ ಮಾರ್ಪಾಡನ್ನು ಇನ್ನೊಂದು ರಾಜ್ಯದವರು ಮರುವಿಚಾರಣೆ ಮಾಡದೆ, ವಾಹನದ ಸದ್ಯದ ಸುರಕ್ಷತೆಯನ್ನಷ್ಟೇ ಪರೀಕ್ಷಿಸಬೇಕು. ಅದಕ್ಕಾಗಿ ಮೂಲ ಪ್ರಮಾಣಪತ್ರಗಳ ಪ್ರತಿಯನ್ನು ‘ವಾಹನ್’ ದತ್ತಾಂಶದಲ್ಲಿಯೇ ಸೇರಿಸಿಟ್ಟರೆ ಸಾಕು. ನಿರಾಕ್ಷೇಪಣಾ ಪತ್ರದ ಅರ್ಜಿಗೆ 30 ದಿನದೊಳಗೆ ನಿರಾಕರಣೆ ಬಾರದಿದ್ದರೆ ಅದು ಮಂಜೂರಾಯಿತೆಂದೇ ಭಾವಿಸತಕ್ಕದ್ದು ಎಂದು 48ನೇ ಕಲಮು 1988ರಿಂದಲೂ ಹೇಳುತ್ತ ಬಂದಿದೆ. ಈ ಕಲಮನ್ನು ಪ್ರತಿಯೊಂದು ಸಾರಿಗೆ ಕಚೇರಿಯ ಸೂಚನಾ ಫಲಕದಲ್ಲಿ, ಆಯಾ ರಾಜ್ಯದ ಭಾಷೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಸಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ.